ಊರಲ್ಲಿಲ್ಲದವನ ಹುಟ್ಟುಹಬ್ಬ

ಸ್ಕಾರ್‌ವಿಕ್ ಪೋಸ್ಟ್ ಪತ್ರಿಕೆಯ ಕಚೇರಿಯಲ್ಲಿ ಒಂದು ಕಾಲಕ್ಕೆ ಹದಿನಾಲ್ಕು ಜನರಿದ್ದರು. ಈಗ ಇರುವುದು ಇಬ್ಬರು. ಒಬ್ಬ ವರದಿಗಾರ; ಅವನು ಯಾವಾಗ ನೋಡಿದರೂ ಪಂಚಾಯಿತಿ ಸಭೆಯಲ್ಲೋ ಫುಟ್‌ಬಾಲ್ ಮೈದಾನದಲ್ಲೋ ಇರುತ್ತಾನೆ. ಇನ್ನೊಬ್ಬಳು ಸಿಗ್ರುನ್. ಮೂವತ್ತೊಂದು ವರ್ಷದಿಂದ ಅದೇ ಕಿಟಕಿ, ಅದೇ ಕುರ್ಚಿ. ಊರಿನಲ್ಲಿ ಹುಟ್ಟಿದವರು, ಮದುವೆಯಾದವರು, ಸತ್ತವರು, ಎಲ್ಲರೂ ಅವಳ ಕೈ ದಾಟಿಯೇ ಅಚ್ಚಿಗೆ ಹೋಗಬೇಕು.

ಪತ್ರಿಕೆಯನ್ನು ಕೊಂಡ ಓಸ್ಲೊದ ಕಂಪನಿಗೆ ಇಂಥ ಊರ ಪತ್ರಿಕೆಗಳು ಐವತ್ತಕ್ಕೂ ಹೆಚ್ಚು ಇವೆಯಂತೆ. ಸಿಗ್ರುನ್ ಆ ಕಂಪನಿಯವರನ್ನು 'ಮೇಲಿನವರು' ಎನ್ನುತ್ತಾಳೆ. ಪುಟ ಕಟ್ಟುವ ಕೆಲಸವನ್ನು ಮೇಲಿನವರು ಮುನ್ನೂರು ಕಿಲೋಮೀಟರ್ ಆಚೆಯ ಪಟ್ಟಣಕ್ಕೆ ಒಯ್ದು ಮೂರು ವರ್ಷವಾಯಿತು. ಅಲ್ಲಿರುವವರು ಒಳ್ಳೆಯವರೇ. ಆದರೆ ಅವರಿಗೆ ಸ್ಕಾರ್‌ವಿಕ್ ಎಂದರೆ ಕಂಪ್ಯೂಟರಿನಲ್ಲಿ ಒಂದು ಕಡತದ ಹೆಸರು, ಅಷ್ಟೆ.

ಜೂನ್ ತಿಂಗಳ ಒಂದು ಸೋಮವಾರ ಹಾಲ್ವರ್ಡ್ ಕಚೇರಿಗೆ ಬಂದ. ಕೊಲ್ಲಿ ದಾಟಿಸುವ ಫೆರಿ ಹಡಗಿನಲ್ಲಿ ಇಂಜಿನ್ ನೋಡಿಕೊಂಡು ನಿವೃತ್ತನಾದವನು, ಹೆಂಡತಿ ಇಲ್ಲ, ಮಕ್ಕಳಿಲ್ಲ. ಆ ಶುಕ್ರವಾರ ಅವನಿಗೆ ಎಂಬತ್ತು ತುಂಬುವುದಿತ್ತು.

ದೊಡ್ಡ ಹುಟ್ಟುಹಬ್ಬ ಬಂತೆಂದರೆ ಆ ಸೀಮೆಯವರು ಪತ್ರಿಕೆಯಲ್ಲಿ ಎರಡರಲ್ಲಿ ಒಂದು ಮಾತು ಹಾಕಿಸುತ್ತಾರೆ. ಒಂದೋ 'ಬಾಗಿಲು ತೆರೆದಿದೆ, ಎಲ್ಲರಿಗೂ ಸ್ವಾಗತ'. ಇಲ್ಲವೋ 'ಆ ದಿನ ಊರಲ್ಲಿರುವುದಿಲ್ಲ, ಯಾರೂ ಬರುವುದು ಬೇಡ'. ಎರಡನೆಯದನ್ನು ಹಾಕಿಸಿದವರು ನಿಜವಾಗಿ ಊರು ಬಿಡಬೇಕೆಂದೇನೂ ಇಲ್ಲ. ಅಚ್ಚಾದರೆ ಸಾಕು, ಊರು ಅದನ್ನು ವೇದವಾಕ್ಯ ಮಾಡಿಕೊಳ್ಳುತ್ತದೆ. ಎಪ್ಪತ್ತಕ್ಕೂ ಎಪ್ಪತ್ತೈದಕ್ಕೂ ಹಾಲ್ವರ್ಡ್ ಅದನ್ನೇ ಹಾಕಿಸಿದ್ದ. ಎಪ್ಪತ್ತೈದರ ದಿನವಂತೂ ಇಡೀ ಹಗಲು ಏಣಿ ಹತ್ತಿ ರಸ್ತೆ ಕಡೆಯ ಗೋಡೆಗೆ ಕೆಂಪು ಬಣ್ಣ ಬಳಿಯುತ್ತಿದ್ದ. ಊರಿನ ಕಾರುಗಳೆಲ್ಲ ಅವನ ಮುಂದೆಯೇ ಹೋದವು. ಯಾರೂ ತಲೆ ಎತ್ತಲಿಲ್ಲ. ಊರಲ್ಲಿಲ್ಲದವನಿಗೆ ಕೈ ಬೀಸುವುದಾದರೂ ಹೇಗೆ?

"ಈ ಸಲ ಬೇರೆ ಥರ ಹಾಕು," ಎಂದು ಹಾಲ್ವರ್ಡ್ ಒಂದು ಚೀಟಿ ಮುಂದಿಟ್ಟ.

ಸಿಗ್ರುನ್ ಓದಿದಳು. ಶುಕ್ರವಾರ ನಾಲ್ಕು ಗಂಟೆಯಿಂದ ಬಾಗಿಲು ತೆರೆದಿರುತ್ತದೆ, ಎಲ್ಲರಿಗೂ ಸ್ವಾಗತ.

"ಏನೋ ಇದು ಹಾಲ್ವರ್ಡ್? ಮೈ ಹುಷಾರಾಗಿದೆ ತಾನೆ?"

"ಸಮುದಾಯ ಭವನದಿಂದ ಕಪ್ಪು ತಂದಾಯ್ತು. ನಲವತ್ತು."

"ನಲವತ್ತಾ? ನೀನು ಮಾತಾಡ್ಸೋ ಜನಾನೇ ಹನ್ನೆರಡು. ಅದರಲ್ಲಿ ನಾಲ್ಕು ಬೆಕ್ಕು."

ಹಾಲ್ವರ್ಡ್ ನಗಲಿಲ್ಲ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ. ಆಮೇಲೆ ಕಿಟಕಿಯ ಕಡೆ ನೋಡಿಕೊಂಡು ಕೇಳಿದ: "ಗುರುವಾರದ ಪೇಪರು ಆಚೆ ದಡಕ್ಕೂ ಹೋಗತ್ತಲ್ಲ?"

"ಹೋಗತ್ತೆ," ಎಂದಳು ಸಿಗ್ರುನ್. ಅವಳ ಹಾಸ್ಯವೆಲ್ಲ ಅಲ್ಲಿಗೆ ನಿಂತಿತು.

ಕೊಲ್ಲಿಯ ಆಚೆ ದಡದಲ್ಲಿ ಅವನ ತಮ್ಮ ಐವಿಂದ್ ಇದ್ದ. ಫೆರಿಯಲ್ಲಿ ಇಪ್ಪತ್ತು ನಿಮಿಷದ ದಾರಿ. ಅಣ್ಣತಮ್ಮ ಮುಖಕ್ಕೆ ಮುಖ ಕೊಟ್ಟು ಮಾತಾಡಿ ಹತ್ತೊಂಬತ್ತು ವರ್ಷವಾಗಿತ್ತು. ಅವರ ತಾಯಿ ತೀರಿಕೊಂಡಾಗ ಪತ್ರಿಕೆಗೆ ಮರಣದ ಪ್ರಕಟಣೆ ಬರೆದುಕೊಟ್ಟವನು ಹಾಲ್ವರ್ಡ್. ಮಕ್ಕಳು, ಅವರವರ ಜೊತೆಗಾರರು, ಒಬ್ಬೊಬ್ಬರದೂ ಹೆಸರು ಸಾಲಾಗಿ ಬರಬೇಕಾದ ಪ್ರಕಟಣೆ ಅದು. ಐವಿಂದನ ಜೊತೆ ಸೋಲ್ಫ್ರಿ ಎಂಬವಳು ಹನ್ನೊಂದು ವರ್ಷದಿಂದ ಬಾಳುತ್ತಿದ್ದಳು, ಮದುವೆಯಾಗಿರಲಿಲ್ಲ. ಕೊನೆಯ ಚಳಿಗಾಲವೆಲ್ಲ ಮುದುಕಿಗೆ ಗಂಜಿ ಕುಡಿಸಿ, ಮಗ್ಗುಲು ಬದಲಿಸಿದವಳು ಅವಳೇ. ಹಾಲ್ವರ್ಡ್ ಅವಳ ಹೆಸರು ಬರೆಯಲಿಲ್ಲ. ಅವಳನ್ನು 'ಮತ್ತು ಇತರ ಬಂಧುಗಳು' ಎಂಬ ಸಾಲಿಗೆ ನೂಕಿದ.

ಆ ಪ್ರಕಟಣೆಯನ್ನು ಟೈಪ್ ಮಾಡಿದವಳು ಸಿಗ್ರುನ್. "ಇದು ಹೀಗೇ ಇರಲಾ?" ಎಂದು ಕೇಳಿದ್ದಳು. "ಹೀಗೇ," ಎಂದಿದ್ದ ಅವನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅಚ್ಚಾದದ್ದು ಹಾಗೆಯೂ ಹೋಗುವುದಿಲ್ಲ, ಕತ್ತರಿಸಿ ಡ್ರಾಯರಿನಲ್ಲಿ ಇಟ್ಟುಕೊಳ್ಳುತ್ತಾರೆ. ಐವಿಂದ್ ಇಟ್ಟುಕೊಂಡಿದ್ದಾನೆಂದು ಎರಡೂ ದಡಕ್ಕೆ ಗೊತ್ತಿತ್ತು.

ಈಗ ಎಂಬತ್ತರ ಹೊಸಿಲಲ್ಲಿ ಹಾಲ್ವರ್ಡ್‌ಗೆ ತಮ್ಮ ಬೇಕಾಗಿದ್ದ. ಆದರೆ ಫೋನು ಮಾಡಿ ಕರೆದರೆ ತಮ್ಮ ಹೂಂ ಅನ್ನಬೇಕು ಇಲ್ಲ ಉಹೂಂ ಅನ್ನಬೇಕು. ಉಹೂಂ ಎಂದರೆ ಅಲ್ಲಿಗೆ ಜೀವಮಾನದ ಕದ ಮುಚ್ಚಿತು. ಪತ್ರಿಕೆಯಲ್ಲಿ 'ಎಲ್ಲರಿಗೂ' ಎಂದು ಹಾಕಿದರೆ ಆ ಕಷ್ಟವಿಲ್ಲ. ಕರೆದವನು ಕರೆದಂತಲ್ಲ, ಬರದವನು ಒಲ್ಲೆನೆಂದಂತಲ್ಲ. ಬಂದರೆ ಮಾತ್ರ ಬಂದಂತೆ. ಇಷ್ಟನ್ನು ಹಾಲ್ವರ್ಡ್ ಬಾಯಿಬಿಟ್ಟು ಹೇಳಲಿಲ್ಲ. ಸಿಗ್ರುನ್ ಕೇಳಲೂ ಇಲ್ಲ.

ಗುರುವಾರ ಬೆಳಿಗ್ಗೆ ಸಿಗ್ರುನ್ ಪತ್ರಿಕೆ ಬಿಡಿಸಿದಳು. ಒಂಬತ್ತನೆಯ ಪುಟದಲ್ಲಿ, ಹೂವಿನ ಅಂಚಿನ ಚೌಕಟ್ಟಿನೊಳಗೆ, ಹಾಲ್ವರ್ಡ್, ಎಂಬತ್ತು ವರ್ಷ. ಆ ದಿನ ಊರಲ್ಲಿರುವುದಿಲ್ಲ. ಯಾರೂ ಬರುವುದು ಬೇಡ.

ಪುಟ ಕಟ್ಟುವ ಪಟ್ಟಣಕ್ಕೆ ಫೋನು ಹಚ್ಚಿದಳು.

"ಗ್ರಾಹಕರ ಹಳೇ ಮಾತನ್ನ ಹೊಸ ಕಂಪ್ಯೂಟರ್ ವ್ಯವಸ್ಥೆ ತಾನೇ ತುಂಬ್ಕೊಳತ್ತೆ," ಎಂದ ಆ ಕಡೆಯ ಮನುಷ್ಯ, ಸಮಾಧಾನವಾಗಿ. "ಅವರು ಎರಡು ಸಲ ಅದನ್ನೇ ಹಾಕಿದ್ರಲ್ಲ, ಮೂರನೇ ಸಲಾನೂ ಅದನ್ನೇ ತಗೊಂಡಿದೆ. ಅಚ್ಚಿಗೆ ಮುಂಚೆ ನಿಂಗೆ ನೋಡೋಕೆ ಕಳಿಸಿದ್ವಿ. ಬುಧವಾರ ಹನ್ನೊಂದು ಹದಿನಾಲ್ಕಕ್ಕೆ ನೀನು ಒಪ್ಪಿಗೆ ಒತ್ತಿದೀಯ."

ಒತ್ತಿದ್ದು ನಿಜ. ಆಗ ಯಾರೋ ಫೋನಿನಲ್ಲಿ ಕಳೆದುಹೋದ ಬೆಕ್ಕಿನ ಗುರುತು ಹೇಳುತ್ತಿದ್ದರು. ಹೆಸರು ಸರಿಯಿದೆ, ವಯಸ್ಸು ಸರಿಯಿದೆ, ಹೂವಿನ ಅಂಚು ಸರಿಯಿದೆ ಎಂದು ನೋಡಿ ಒತ್ತಿಬಿಟ್ಟಿದ್ದಳು. ಮೇಲಿನವರನ್ನು ಬಯ್ಯಲು ಮೂರು ವರ್ಷದಿಂದ ಕಾಯುತ್ತಿದ್ದವಳಿಗೆ, ಬಯ್ಯುವ ದಿನ ಬಂದಾಗ ತಪ್ಪು ತನ್ನದೇ ಆಗಿತ್ತು.

"ತಿದ್ದುಪಡಿ ಮುಂದಿನ ಸಂಚಿಕೇಲಿ, ಶನಿವಾರ ಹಾಕ್ತೀವಿ," ಎಂದ ಅವನು.

"ಹುಟ್ಟುಹಬ್ಬ ಶುಕ್ರವಾರ."

"ಹಾಗಾದ್ರೆ ವೆಬ್‌ನಲ್ಲಿ ಈಗಲೇ ಹಾಕ್ತೀನಿ."

"ಅಲ್ಲಿ ಓದಬೇಕಾದೋನು ಹವಾಮಾನ ನೋಡೋಕೂ ಕಂಪ್ಯೂಟರ್ ಮುಟ್ಟಲ್ಲ ಕಣೋ. ನಾನಿಲ್ಲೇ ಒಂದು ಚೀಟಿ ಅಚ್ಚು ಹಾಕಿ ಹಂಚಲಾ?"

"ಪತ್ರಿಕೆ ಹೆಸರಲ್ಲಿ ಬೇಡ. ಅದಕ್ಕೆಲ್ಲ ಮೇಲಿಂದ ಅನುಮತಿ ಬೇಕಾಗತ್ತೆ. ಅರ್ಜಿ ಕಳಿಸು, ವಾರದೊಳಗೆ ಹೇಳ್ತಾರೆ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಸಿಗ್ರುನ್ ಫೋನಿಟ್ಟು, ಕಚೇರಿಗೆ ಬೀಗ ಹಾಕಿ, ಹಾಲ್ವರ್ಡ್‌ನ ಮನೆಗೆ ನಡೆದಳು.

ಅಡುಗೆಮನೆಯ ಮೇಜಿನ ಮೇಲೆ ನಲವತ್ತು ಕಪ್ಪು ತೊಳೆದು ಬೋರಲು ಹಾಕಿತ್ತು. ಹಾಲ್ವರ್ಡ್ ಹಿತ್ತಿಲ ಬಾಗಿಲಲ್ಲಿ ಕೂತು ರಬ್ಬರ್ ಬೂಟು ಹಾಕಿಕೊಳ್ಳುತ್ತಿದ್ದ. ಪಕ್ಕದಲ್ಲಿ ಗಾಳ, ಒಂದು ಹೊದಿಕೆ, ಕಾಫಿ ಫ್ಲಾಸ್ಕು.

"ಎಲ್ಲಿಗೆ?"

"ದೋಣಿಮನೆಗೆ. ನಾಳೆ ರಾತ್ರಿವರೆಗೂ ಅಲ್ಲೇ ಇರ್ತೀನಿ. ಊರಲ್ಲಿಲ್ಲ ಅಂತ ಪೇಪರಲ್ಲಿ ಬಂದಿದೆಯಲ್ಲ."

"ಅದು ತಪ್ಪು ಹಾಲ್ವರ್ಡ್. ನನ್ನ ತಪ್ಪು. ನೋಡ್ದೆ ಒಪ್ಪಿಗೆ ಕೊಟ್ಟೆ."

"ಇರಲಿ ಬಿಡು." ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳಿಗೆ ಹಗುರಾಗುತ್ತಿತ್ತು. "ಅವನು ಓದಿರ್ತಾನೆ ಈಗಾಗ್ಲೇ. ಬೆಳಿಗ್ಗೆ ಏಳಕ್ಕೆ ಡಬ್ಬದಿಂದ ಪೇಪರ್ ತಗೋತಾನೆ. ಅಮ್ಮನ ಕಾಲದಿಂದ ಅದೇ ಅಭ್ಯಾಸ."

"ನಾನು ಐವಿಂದ್‌ಗೆ ಫೋನ್ ಮಾಡಿ..."

"ಮಾಡಬೇಡ." ಅಷ್ಟು ಬೇಗ ಹಾಲ್ವರ್ಡ್ ಎಂದೂ ಮಾತಾಡಿದ್ದಿಲ್ಲ. "ಫೋನ್ ಮಾಡಿದ್ರೆ ಅದು ಬೇರೆ ಆಗತ್ತೆ."

ಬೇರೆ ಆಗುತ್ತದೆಂದು ಅವಳಿಗೂ ಗೊತ್ತಿತ್ತು. ಹಿಂದಿರುಗಿ ನಡೆಯುವಾಗ ಅವಳ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಒಬ್ಬನಿಗೆ ಹೇಳಿದರೆ ಕರೆಯೋಲೆ, ಎಲ್ಲರಿಗೂ ಹೇಳಿದರೆ ಸುದ್ದಿ. ಅರ್ಜಿ, ಅನುಮತಿ, ವಾರ. ಹೊಸ ವರ್ಷಕ್ಕೆ ಹೇಗೂ ಅವಳ ಕಚೇರಿಯನ್ನೇ ಮುಚ್ಚುತ್ತೇವೆಂದು ಮೇಲಿನವರು ಪತ್ರ ಬರೆದಾಗಿತ್ತು. ಇನ್ನು ಅವಳನ್ನು ಹೆದರಿಸಲು ಅವರ ಬಳಿ ಉಳಿದಿದ್ದಾದರೂ ಏನು?

ಕಚೇರಿಯ ಮುದ್ರಣ ಯಂತ್ರದಲ್ಲಿ ನಲವತ್ತು ಚೀಟಿ ತೆಗೆದಳು. ಮೇಲೆ ದಪ್ಪಗೆ ಪತ್ರಿಕೆಯ ಹೆಸರು, ಕೆಳಗೆ 'ತಿದ್ದುಪಡಿ', ಅದರ ಕೆಳಗೆ ಹಾಲ್ವರ್ಡ್ ಬರೆದುಕೊಟ್ಟ ಮಾತು, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ. 'ತಪ್ಪು ಪತ್ರಿಕೆಯದು' ಎಂದು ಕೊನೆಗೆ ಸೇರಿಸಿದಳು. ಈಚೆ ದಡಕ್ಕೆ ಅಂಗಡಿಯ ಬಾಗಿಲಿಗೊಂದು ಅಂಟಿಸಿದರೆ ಸಾಕಿತ್ತು, ಮಧ್ಯಾಹ್ನದೊಳಗೆ ಊರಿಗೆ ಊರೇ ಓದುತ್ತದೆ. ಉಳಿದದ್ದನ್ನು ಚೀಲಕ್ಕೆ ತುರುಕಿ ಒಂದು ಗಂಟೆಗೆ ಹೊರಡುವ ಫೆರಿ ಹತ್ತಿದಳು.

ಆಚೆ ದಡದಲ್ಲಿ ಮೂವತ್ತೊಂದು ಮನೆ. ಅಷ್ಟೂ ಮನೆಯ ಅಂಚೆ ಡಬ್ಬಗಳು ಫೆರಿ ಕಟ್ಟೆಯ ಮೇಲಿನ ತಿರುವಿನಲ್ಲಿ, ಒಂದೇ ಮರದ ಚೌಕಟ್ಟಿನಲ್ಲಿ ಸಾಲಾಗಿ ನಿಂತಿರುತ್ತವೆ. ಸಿಗ್ರುನ್ ಎಡಗಡೆಯಿಂದ ಶುರು ಮಾಡಿದಳು. ಹದಿನೇಳನೆಯದು ಐವಿಂದನ ಡಬ್ಬ. ಹಸಿರು ಬಣ್ಣ, ಮೇಲೆ ಎರಡು ಹೆಸರು, ಐವಿಂದ್, ಸೋಲ್ಫ್ರಿ, ಒಂದೇ ಅಳತೆಯ ಅಕ್ಷರಗಳಲ್ಲಿ. ಅದರ ಕೆಳಗೆ 'ಜಾಹೀರಾತು ಬೇಡ' ಎಂಬ ಪಟ್ಟಿ.

ಅವಳ ಕೈ ಅಲ್ಲೇ ನಿಂತಿತು. ಆ ಪಟ್ಟಿಯನ್ನು ಮೀರುವುದೆಂದರೆ ಆ ನಾಡಿನಲ್ಲಿ ಸಣ್ಣ ಮಾತಲ್ಲ. ಜನ ಪೊಲೀಸರಿಗೆ ದೂರು ಕೊಡದಿದ್ದರೂ ಮೂರು ತಲೆಮಾರು ನೆನಪಿಟ್ಟುಕೊಳ್ಳುತ್ತಾರೆ. ಹುಟ್ಟುಹಬ್ಬದ ಪ್ರಕಟಣೆ ದುಡ್ಡು ಕೊಟ್ಟು ಹಾಕಿಸಿದ್ದು, ಹಾಗಾಗಿ ಜಾಹೀರಾತೇ. ಮೂವತ್ತೊಂದು ವರ್ಷ ಅದೇ ವಿಭಾಗದಲ್ಲಿ ಕೂತವಳು ತನಗೆ ತಾನೇ ಸುಳ್ಳು ಹೇಳಿಕೊಳ್ಳಲಾರಳು. ಆದರೆ ತಿದ್ದುಪಡಿ? ತಿದ್ದುಪಡಿಗೆ ಯಾರೂ ದುಡ್ಡು ಕೊಟ್ಟಿಲ್ಲ. ಪತ್ರಿಕೆ ತಪ್ಪು ಮಾಡಿದೆ, ಪತ್ರಿಕೆ ಒಪ್ಪಿಕೊಳ್ಳುತ್ತಿದೆ. ಅದು ಸುದ್ದಿ. ಹೀಗೆ ತನ್ನೊಳಗೇ ವಾದ ಮಾಡಿ, ತನ್ನೊಳಗೇ ಗೆದ್ದು, ಚೀಟಿಯನ್ನು ಒಳಗೆ ಹಾಕಿದಳು. ಉಳಿದ ಹದಿನಾಲ್ಕು ಡಬ್ಬಗಳಿಗೂ ಬಿಡದೆ ಹಾಕಿದಳು. ಒಂದೇ ಒಂದು ಬಿಟ್ಟರೂ ಅದು 'ಎಲ್ಲರಿಗೂ' ಆಗುತ್ತಿರಲಿಲ್ಲ.

ಆದರೆ ಬೆಳಿಗ್ಗೆ ಏಳಕ್ಕೆ ಡಬ್ಬ ತೆರೆಯುವವನು ಶುಕ್ರವಾರ, ಪತ್ರಿಕೆ ಇಲ್ಲದ ದಿನ, ತೆರೆಯುತ್ತಾನೋ ಇಲ್ಲವೋ. ಆ ಯೋಚನೆ ಅವಳಿಗೆ ಬಂದದ್ದು ವಾಪಸು ಫೆರಿಯಲ್ಲಿ.

ಸಂಜೆ ಮತ್ತೆ ಹೋಗಿ ದೋಣಿಮನೆಯಿಂದ ಹಾಲ್ವರ್ಡ್‌ನನ್ನು ಎಳೆದು ತಂದಳು. "ಈಗ ಊರಲ್ಲಿದೀಯ ಅಂತ ಅಚ್ಚಾಗಿದೆ. ನಡಿ, ಕೇಕಿಗೆ ಕೆನೆ ಕಡೀಬೇಕು," ಎಂದಳು. ಅವನು ಚೀಟಿಯನ್ನು ಎರಡು ಸಲ ಓದಿ, ಬೂಟು ಬಿಚ್ಚಿದ.

ಶುಕ್ರವಾರ ನಾಲ್ಕಕ್ಕೆ ಮೊದಲ ಕಾರು ಬಂತು. ಆಮೇಲೆ ಸಾಲಾಗಿ ಬಂದರು. ಎಪ್ಪತ್ತೈದರ ದಿನ ಅವನನ್ನು ಕಂಡೂ ಕಾಣದಂತೆ ಹೋದವರೆಲ್ಲ ಹೂವು ಹಿಡಿದು, ಬಾಗಿಲಲ್ಲಿ ಶೂ ಬಿಚ್ಚಿ, ಒಳಗೆ ಬಂದು ಕೇಕು ತಿಂದರು. "ಗೋಡೆ ಬಣ್ಣ ಚೆನ್ನಾಗಿದೆ ಹಾಲ್ವರ್ಡ್. ಯಾವಾಗ ಬಳಿದೆ?" ಎಂದು ಪಕ್ಕದ ಮನೆಯವನು ಕೇಳಿದ. "ನಾನು ಊರಲ್ಲಿಲ್ಲದಾಗ," ಎಂದ ಹಾಲ್ವರ್ಡ್. ಎಲ್ಲರೂ ನಕ್ಕರು. ಆಚೆ ದಡದಿಂದಲೂ ಏಳೆಂಟು ಜನ ಬಂದಿದ್ದರು. ಐವಿಂದನ ಮಾತನ್ನು ಅವರು ಎತ್ತಲಿಲ್ಲ.

ಏಳು ಗಂಟೆಗೆ ಮನೆ ಖಾಲಿಯಾಯಿತು. ಮೂವತ್ತೆಂಟು ಕಪ್ಪು ಎಂಜಲಾಗಿದ್ದವು, ಎರಡು ಉಳಿದಿದ್ದವು. ಸಿಗ್ರುನ್ ಪಾತ್ರೆ ತೊಳೆಯಲು ನಿಂತಳು. ಹಾಲ್ವರ್ಡ್ ಕಿಟಕಿಯ ಬಳಿ ಕೂತು ನೀರನ್ನೇ ನೋಡುತ್ತಿದ್ದ. ಆ ಉತ್ತರದ ಸೀಮೆಯ ಬೇಸಿಗೆಯ ಬಿಸಿಲು ಇನ್ನೂ ಹಾಗೇ ಇತ್ತು.

"ಚೆನ್ನಾಗಾಯ್ತು," ಎಂದ ಅವನು. ಇನ್ನೊಂದು ಸಲ, "ಚೆನ್ನಾಗೇ ಆಯ್ತು," ಎಂದ. ಸಿಗ್ರುನ್‌ಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಏಳೂವರೆಗೆ ಜಲ್ಲಿಯ ಮೇಲೆ ಚಕ್ರದ ಸದ್ದಾಯಿತು. ಒಬ್ಬ ಮುದುಕ ಇಳಿದು, ತೆರೆದ ಬಾಗಿಲಿನ ಹೊರಗೆ ನಿಂತ. ಕೈಯಲ್ಲಿ ಅವಳ ಚೀಟಿ.

"ನನ್ನ ಡಬ್ಬದ ಮೇಲೆ ಜಾಹೀರಾತು ಬೇಡ ಅಂತ ಬರೆದಿದೆ," ಎಂದ ಐವಿಂದ್. ಅಣ್ಣನನ್ನು ನೋಡದೆ, ಒದ್ದೆ ಕೈಯಲ್ಲಿ ನಿಂತ ಸಿಗ್ರುನ್‌ಳನ್ನು ನೋಡಿ ಹೇಳಿದ. "ಇದು ಜಾಹೀರಾತೋ, ಸುದ್ದೀನೋ?"

"ಸುದ್ದಿ," ಎಂದಳು ಸಿಗ್ರುನ್.

ಅವನು ಚೀಟಿಯನ್ನು ಮತ್ತೊಮ್ಮೆ ಓದಿದ. "ಎಲ್ಲರಿಗೂ ಅಂತ ಇದೆ. ಎಲ್ಲರೂ ಅಂದ್ರೆ ಯಾರ್ಯಾರು? ಕಾರಲ್ಲಿ ಕೂತಿರೋಳೂ ಸೇರ್ತಾಳಾ? ಈ ಮನೆ ಪಟ್ಟೀಲಿ ಅವಳ ಹೆಸರು ಬಿಟ್ಟುಹೋಗೋದುಂಟು."

ಹಾಲ್ವರ್ಡ್ ಕುರ್ಚಿಯಿಂದ ಎದ್ದ. ಶೂ ಹಾಕಿಕೊಳ್ಳಲಿಲ್ಲ. ಕಾಲುಚೀಲದಲ್ಲೇ ತಮ್ಮನ ಪಕ್ಕದಿಂದ ಹಾದು, ಜಲ್ಲಿಯ ಮೇಲೆ ಒಂದೊಂದೇ ಹೆಜ್ಜೆ ಇಡುತ್ತ ಕಾರಿನವರೆಗೆ ಹೋಗಿ, ಅದರ ಬಾಗಿಲು ತೆಗೆದ.

"ಸೋಲ್ಫ್ರಿ," ಎಂದ. "ಅವತ್ತು ನಿನ್ನ ಹೆಸರು ಬಿಟ್ಟಿದ್ದು ಪೇಪರಿನೋರಲ್ಲ. ನಾನೇ. ಬೇಕೂಂತಲೇ ಬಿಟ್ಟೆ."

ಒಳಗಿದ್ದ ಬಿಳಿಗೂದಲ ಹೆಂಗಸು ಅವನನ್ನೂ ಅವನ ಪಾದಗಳನ್ನೂ ನೋಡಿದಳು.

"ಹತ್ತೊಂಬತ್ತು ವರ್ಷ ಬೇಕಾಯ್ತಲ್ಲ ಒಂದು ತಿದ್ದುಪಡಿಗೆ," ಎಂದಳು. "ಕಲ್ಲು ಚುಚ್ಚತ್ತೆ, ಮೊದಲು ಒಳಗೆ ನಡಿ."

ಅವನ ತೋಳು ಹಿಡಿದು ಅವಳು ಇಳಿದಳು. ಬಾಗಿಲಲ್ಲಿ ಐವಿಂದ್ ಬಗ್ಗಿ ಶೂ ದಾರ ಬಿಚ್ಚುತ್ತಿದ್ದ. ಸಿಗ್ರುನ್ ಒಳಗೆ ಹೋಗಿ ಉಳಿದಿದ್ದ ಎರಡು ಕಪ್ಪುಗಳಿಗೆ ಕಾಫಿ ಬಗ್ಗಿಸಿದಳು.