ಲೋಹಿತಾಳ ಕಿವಿ ಪರೀಕ್ಷೆ

ಮಗಳಿಗೆ ಕಿವಿ ಕೇಳಿಸದು ಎಂಬ ಸಂಗತಿಯನ್ನು ಈಶ್ವರಮ್ಮ ವರ್ಷಾನುಗಟ್ಟಲೆ ಸೆರಗಿನ ಗಂಟಿನಂತೆ ಕಾಪಾಡಿಕೊಂಡು ಬಂದಿದ್ದಳು. ಲೋಹಿತಾ ಚಿಕ್ಕವಳಿದ್ದಾಗ ಬಂದ ಜ್ವರ ಕಿವಿಯನ್ನು ಕಿತ್ತುಕೊಂಡಿತು, ಪುಣ್ಯಕ್ಕೆ ಮಾತನ್ನು ಬಿಟ್ಟುಹೋಯಿತು. ಎದುರಿಗಿದ್ದವರ ತುಟಿ ನೋಡಿ ಹುಡುಗಿ ಪಟಪಟನೆ ಉತ್ತರ ಕೊಡುತ್ತಿದ್ದಳು. ತುಟಿ ತಿಳಿಯದಿದ್ದರೆ ಅಮ್ಮನ ಮುಖ ನೋಡುತ್ತಿದ್ದಳು. ಹೆಣ್ಣು ನೋಡಲು ಬಂದವರು ಏನಾದರೂ ಕೇಳಿದಾಗ ಈಶ್ವರಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣು ಮುಚ್ಚಿ ತೆರೆಯಬೇಕು, ಲೋಹಿತಾ ನಾಚಿಕೊಂಡು "ಹೂಂ" ಅನ್ನಬೇಕು. ಬಡವನಹಳ್ಳಿ ಕಡೆಯ ಎಂಥೆಂಥ ಘಟಾನುಘಟಿಗಳು ಈ ನಾಟಕಕ್ಕೆ ತಲೆದೂಗಿ, ಉಪ್ಪಿಟ್ಟು ತಿಂದು ಎದ್ದುಹೋಗಿದ್ದರು! ಕೊನೆಗೊಂದು ಸಂಬಂಧ ನಿಶ್ಚಯದ ಹಿಂದಿನ ದಿನ ಮುರಿದುಬಿತ್ತು. ಯಾರೋ ಪುಣ್ಯಾತ್ಮರು ಗಂಡಿನ ಮನೆಗೆ ಫೋನು ಮಾಡಿದ್ದರು.

ಆಮೇಲೆ ಲೋಹಿತಾ ತನ್ನ ದಾರಿ ತಾನೇ ಹುಡುಕಿಕೊಂಡಳು. ಕಿವಿ ಕೇಳಿಸದ ಹುಡುಗಿಯರಿಗೆ ಹಾಸ್ಟೆಲ್ ಕೊಟ್ಟು ಕಂಪ್ಯೂಟರ್ ಕಲಿಸುವ ಸಂಸ್ಥೆಯೊಂದು ತುಮಕೂರಿನಲ್ಲಿತ್ತು. ಸೀಟೂ ಸಿಕ್ಕಿತ್ತು. ಶುಕ್ರವಾರದೊಳಗೆ ಅಂಗವಿಕಲರ ಸರ್ಟಿಫಿಕೇಟ್ ತಂದು ತೋರಿಸಬೇಕು, ತಪ್ಪಿದರೆ ಸೀಟು ಬೇರೆಯವರಿಗೆ. ಅಲ್ಲಿ ಎಲ್ಲರೂ ತನ್ನಂಥವರೇ, ಯಾರ ಮುಂದೆಯೂ ನಟಿಸಬೇಕಿಲ್ಲ ಎಂದು ಹುಡುಗಿ ಮನೆತುಂಬ ಕುಣಿದಾಡಿದ್ದಳು. ಈಶ್ವರಮ್ಮನಿಗೂ ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು.

ಮಧುಗಿರಿಯ ಕಲ್ಯಾಣಮಂಟಪವೊಂದರಲ್ಲಿ ಆ ಸರ್ಟಿಫಿಕೇಟ್ ಕೊಡುವ ತಪಾಸಣಾ ಶಿಬಿರ. ಕಿವಿ ಪರೀಕ್ಷೆಯ ವ್ಯಾನು ಹೊರಗೆ ನಿಂತಿತ್ತು. ಪರೀಕ್ಷೆ ಮಾಡುವ ಕಿರಣ್ ಕುಮಾರ್ ಮಾಸ್ಕ್ ಹಾಕಿಕೊಂಡೇ, ಶಬ್ದ ಕೇಳಿಸಿದರೆ ಮಾತ್ರ ಕೈ ಎತ್ತಬೇಕೆಂದು ಗಡಗಡನೆ ಹೇಳಿದ. ಕಿವಿ ಕೇಳದವಳಿಗೆ ಬಾಯಿ ಮುಚ್ಚಿಕೊಂಡು ಹೇಳಿದರೆ ಅವಳಿಗೇನು ತಿಳಿಯಬೇಕು, ಮಣ್ಣು! ಅವನು ಕೈ ಎತ್ತಿ ತೋರಿಸಿದ್ದಷ್ಟೇ ಅವಳಿಗೆ ಗೊತ್ತಾಯಿತು. ಗಾಜಿನ ಗೂಡಿನೊಳಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತವಳು ದಿಕ್ಕು ತೋಚದೆ ಅಮ್ಮನ ಮುಖ ನೋಡಿದಳು.

ಕಿರಣ್ ಕುಮಾರ್ ಶಬ್ದ ಬಿಡುವ ಗುಂಡಿ ಒತ್ತಿದ. ಅವನ ಪಕ್ಕದಲ್ಲೇ ನಿಂತಿದ್ದ ಈಶ್ವರಮ್ಮನ ಕಣ್ಣು ತಾನಾಗಿ ಮುಚ್ಚಿ ತೆರೆಯಿತು. ಲೋಹಿತಾ ಕೈ ಎತ್ತಿದಳು.

"ಗುಡ್," ಎಂದ ಅವನು.

ತನ್ನ ಮಗಳನ್ನು ಯಾರಾದರೂ ಹೀಗೆ ಮೆಚ್ಚಿ ಎಷ್ಟು ಕಾಲವಾಗಿತ್ತೋ! ಈಶ್ವರಮ್ಮನ ಎದೆ ಉಬ್ಬಿತು. ಅಲ್ಲಿಗೆ ಯಾಕೆ ಬಂದದ್ದು ಎಂಬುದೇ ಆ ತಾಯಿಗೆ ಮರೆತುಹೋಯಿತು. ಅವನ ಬೆರಳು ಗುಂಡಿಗೆ ಹೋದಾಗಲೆಲ್ಲ ಅವಳ ಕಣ್ಣು ಮುಚ್ಚಿತು, ಮಗಳ ಕೈ ಮೇಲೆದ್ದಿತು. ಒಂದೂ ತಪ್ಪಲಿಲ್ಲ.

"ಚೆನ್ನಾಗೇ ಕೇಳುತ್ತಲ್ಲಮ್ಮ ಇವಳಿಗೆ," ಎಂದ ಕಿರಣ್ ಕುಮಾರ್, ಹೆಡ್‌ಫೋನ್ ತೆಗೆಸಿ. "ಸರ್ಟಿಫಿಕೇಟಿಗೆ ನಲವತ್ತು ಪರ್ಸೆಂಟ್ ದೋಷ ಇರಬೇಕು. ಇವಳಿಗೆ ಹತ್ತೂ ಇಲ್ಲ."

ಈಶ್ವರಮ್ಮ ಎರಡೂ ಕೈ ಜೋಡಿಸಿದಳು. "ಅಯ್ಯೋ, ಇಲ್ಲ ಸಾಮಿ! ನಾನೇ ಕಣ್ಣಾಗೆ ಹೇಳ್ಕೊಟ್ಬುಟ್ಟೆ. ಮುಂಚಿಂದ ಅಂಗೇ ರೂಢಿ ಆಗೋಗದೆ. ಇವ್ಳಿಗೆ ಏನೂ ಕೇಳ್ಸಾಕಿಲ್ಲ ಕಣಪ್ಪ!"

"ಆಗಲ್ಲ ಅಂದಮೇಲೆ ಎಲ್ಲರೂ ಹೀಗೇ ಹೇಳೋದು."

ಹಾಗೆಂದು ಅವನನ್ನು ಕೆಟ್ಟವನೆನ್ನಲಾಗದು. ಬೆಳಗಿನಿಂದ ಕಿವುಡರಂತೆ ನಟಿಸಿದವರು ಅವನಿಗೆ ಸಾಕುಸಾಕು ಮಾಡಿದ್ದರು. ಆದರೂ ಎದ್ದುಬಂದು, ಕೆದರಿದ ಜಡೆ ಸರಿಮಾಡಿಕೊಳ್ಳುತ್ತಿದ್ದ ಲೋಹಿತಾಳ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿದ. ಅವಳು ತಿರುಗಲಿಲ್ಲ.

"ನೋಡಿ ಸಾಮಿ, ನೋಡಿ!"

"ನೋಡ್ದೆ. ಇದನ್ನೂ ಚೆನ್ನಾಗಿ ಹೇಳಿಕೊಟ್ಟಿದ್ದೀರ."

ಈಶ್ವರಮ್ಮ ಕಾಲು ಹಿಡಿಯಲು ಬಗ್ಗಿದಳು. ಅವನು ಮುಜುಗರದಿಂದ ಹಿಂದೆ ಸರಿದ. ಇನ್ನೊಂದು ಪರೀಕ್ಷೆ ಬೇಕಾದರೆ ಬೆಂಗಳೂರಿಗೆ ಬರೆದುಕೊಡುತ್ತೇನೆ, ಅಲ್ಲಿ ಸರದಿ ಬರಲು ಐದಾರು ತಿಂಗಳಾದೀತು ಎಂದ. ಆಮೇಲೆ ಚಿಕ್ಕನರಸಯ್ಯ ಎಂಬ ಮುದುಕನನ್ನು ಒಳಗೆ ಕರೆದ.

ಹೊರಗೆ ಬಂದ ಮೇಲೆ ಲೋಹಿತಾ ಅಮ್ಮನ ತೋಳು ಜಗ್ಗಿದಳು. "ಯಾಕಮ್ಮ ಅಳ್ತೀಯ? ನೀನು ಹೇಳ್ದಂಗೇ ಎಲ್ಲಾ ಸರಿಯಾಗಿ ಮಾಡಿದ್ನಲ್ಲ. ಸರ್ಟಿಫಿಕೇಟ್ ಯಾವಾಗ ಕೊಡ್ತಾರಂತೆ?"

ಅವಳಿಗೆ ಸುಳ್ಳು ಹೇಳುವ ಚೈತನ್ಯವೂ ಈಶ್ವರಮ್ಮನಲ್ಲಿ ಉಳಿದಿರಲಿಲ್ಲ. ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಮಾತನ್ನು ತುಟಿಯಲ್ಲಿ ಬಿಡಿಸಿ ಹೇಳಿದಳು.

"ಕೊಡಾಕಿಲ್ವಂತೆ ಕಣವ್ವ. ನಿಂಗೆ ಚೆನ್ನಾಗಿ ಕಿವಿ ಕೇಳಿಸ್ತದಂತೆ."

ಲೋಹಿತಾ ಆ ತುಟಿಗಳನ್ನೇ ದಿಟ್ಟಿಸಿದಳು. ತಾನೇ ಏನೋ ತಪ್ಪು ತಿಳಿದುಕೊಂಡೆ ಅನ್ನಿಸಿತು ಅವಳಿಗೆ.

"ಗೊತ್ತಾಗ್ಲಿಲ್ಲ," ಎಂದಳು. "ಇನ್ನೊಂದ್ಸಲ ಹೇಳಮ್ಮ."