ಎರಡನೆಯ ಸದ್ದು

ನಾನು ಹುಟ್ಟಿದ್ದೇ ಏಟು ತಿಂದು. ಗೇಣುದ್ದದ ಮೆದು ಉಕ್ಕಿನ ತುಂಡನ್ನು ಕೆಂಪಗೆ ಕಾಯಿಸಿ, ಯಂತ್ರದ ಸುತ್ತಿಗೆಯ ಕೆಳಗಿಟ್ಟು ಬಡಿದರು. ತಣ್ಣಗಾದ ಮೇಲೆ ಮುಖದ ತುಂಬ ಅಡ್ಡಗೀರು ಎಳೆದರು, ಕೊರಳಿಗೆ ಉಕ್ಕಿನ ಕೊಳವೆ ಸಿಕ್ಕಿಸಿ ಅದರ ತುದಿಗೆ ಕರಿ ರಬ್ಬರಿನ ಹಿಡಿ ತೊಡಿಸಿದರು. ಮೈಮೇಲೆ ಐವತ್ತಾರು ಎಂದು ಅಂಕೆ ಒತ್ತಿದರು. ಅದು ನನ್ನ ವಯಸ್ಸಲ್ಲ. ನನ್ನ ಮುಖ ಎಷ್ಟು ಡಿಗ್ರಿ ಹಿಂದಕ್ಕೆ ವಾಲಿದೆ ಎಂಬುದರ ಗುರುತು. ನಾನು ಗಾಲ್ಫ್ ಆಟದ ವೆಡ್ಜ್ ಎಂಬ ಗಿಡ್ಡ ಕೋಲು.

ಗಾಲ್ಫ್ ಚೀಲದಲ್ಲಿ ಹದಿನಾಲ್ಕು ಕೋಲುಗಳಿರುತ್ತವೆ. ಉದ್ದನೆಯವು ಚೆಂಡನ್ನು ಇನ್ನೂರು ಗಜ ಆಚೆಗೆ ಎಸೆದು ಚಪ್ಪಾಳೆ ಗಿಟ್ಟಿಸುತ್ತವೆ. ಚೆಂಡು ಮರಳುಗುಂಡಿಗೆ ಬಿದ್ದಾಗ, ಉದ್ದ ಹುಲ್ಲಿನಲ್ಲಿ ಹೂತಾಗ, ಚೆಂಡು ಬೀಳಬೇಕಾದ ಗುಳಿ ಇನ್ನು ಇಪ್ಪತ್ತೇ ಹೆಜ್ಜೆ ಇದ್ದೂ ಎಟುಕದಾದಾಗ ನನ್ನನ್ನು ಈಚೆಗೆ ಎಳೆಯುತ್ತಾರೆ. ಸಂಕಟ ಬಂದಾಗ ವೆಂಕಟರಮಣ. ನನ್ನ ಅಡಿಭಾಗ ಸ್ವಲ್ಪ ಉಬ್ಬಿದೆ, ಮರಳಿಗೆ ಬಿದ್ದರೆ ಹೂತುಹೋಗದೆ ಜಾರಲಿ ಎಂದು. ಮರಳಿನಲ್ಲಿ ಚೆಂಡಿಗೆ ಹೊಡೆಯಲೇಬಾರದು; ಅದರ ಹಿಂದಿನ ಮರಳಿಗೆ ಹೊಡೆಯಬೇಕು. ಮರಳೇ ಚೆಂಡನ್ನು ಎತ್ತಿ ಆಚೆಗಿಡುತ್ತದೆ. ಸರಿಯಾಗಿ ಬಿದ್ದ ಏಟಿನಲ್ಲಿ ಹಿಡಿದವನ ಕೈಗೆ ಭಾರವೇ ತಿಳಿಯುವುದಿಲ್ಲ. ತಪ್ಪಿದರೆ ಮೊಣಕೈವರೆಗೆ ಜುಮ್ಮೆನ್ನುತ್ತದೆ. ನಾನು ಯಾರ ಮುಲಾಜೂ ನೋಡಿದವನಲ್ಲ.

ನನ್ನ ಮೊದಲ ಒಡೆಯರು ಕರ್ನಲ್ ಬೆಳ್ಯಪ್ಪ. ನಿವೃತ್ತರಾಗಿ ಮೈಸೂರಿನಲ್ಲಿ ನೆಲೆಸಿದ್ದರು, ಊರ ಹೊರಗಿನ ಒಂದು ಕ್ಲಬ್ಬಿನಲ್ಲಿ ವಾರಕ್ಕೆ ನಾಲ್ಕು ದಿನ ಆಡುತ್ತಿದ್ದರು. ಗಡಿಯಲ್ಲಿ ಗುಂಡಿಗೆ ಹೆದರದ ಮನುಷ್ಯ ಮರಳು ಕಂಡರೆ ಹೆದರುತ್ತಿದ್ದರು. ಹೆದರಿ ಚೆಂಡಿಗೇ ಹೊಡೆಯುತ್ತಿದ್ದರು. ಒಂದು ಬೆಳಿಗ್ಗೆ ಅದೇ ಗುಂಡಿಯಲ್ಲಿ ಐದು ಸಲ ಹೊಡೆದು, ಚೆಂಡು ಅಲ್ಲೇ ಉಳಿದಾಗ, ನನ್ನನ್ನು ತೆಗೆದು ಹುಲ್ಲಿನ ಮೇಲೆ ಎಸೆದರು.

"ವೆಡ್ಜಾ ಇದು? ಸಲಿಕೆ! ತಗೊಂಡು ಹೋಗು ದೊರೆ, ನಿಮ್ಮನೇಲಿ ಮಣ್ಣು ಬಾಚೋಕಾದ್ರೂ ಆಗುತ್ತೆ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ಆ ಸಿಟ್ಟಿನಿಂದ ನನಗೆ ಒಳ್ಳೆಯದೇ ಆಯಿತು. ಅವರ ಚೀಲ ಹೊರುವ ಕ್ಯಾಡಿ ದೊರೆಸ್ವಾಮಿ ನನ್ನನ್ನು ಎತ್ತಿಕೊಂಡು, ಅಂಗಿಯ ತುದಿಯಿಂದ ಮುಖ ಒರೆಸಿದ. ಇಪ್ಪತ್ತಾರು ವರ್ಷದವನು, ತನ್ನದೆಂಬ ಒಂದು ಕೋಲೂ ಇಲ್ಲದವನು.

ಸೋಮವಾರ ಕ್ಲಬ್ಬಿಗೆ ರಜೆ. ಅಂದು ಮಾತ್ರ ಕ್ಯಾಡಿಗಳು, ಕ್ಲಬ್ಬಿನ ಹಳೆಯ ಕೋಲುಗಳನ್ನು ಎರವಲು ಪಡೆದು, ಆಡಬಹುದು. ದೊರೆಗೆ ಆಟ ಕಲಿಸಿದವನು ಯೂಸುಫ್. ಅವನೂ ಕ್ಯಾಡಿಯೇ, ನಲವತ್ತು ದಾಟಿದವನು, ಬಲಗಾಲಿನ ಮಂಡಿ ಸವೆದು ಕುಂಟುತ್ತಿದ್ದವನು. ಅವನ ಪಾಠದ ರೀತಿಯೇ ಬೇರೆ. ದೊರೆ ನನ್ನನ್ನು ಹಿಡಿದು ನಿಂತರೆ, ಯೂಸುಫ್ ಬೆನ್ನು ತಿರುಗಿಸಿ ಕೂತುಬಿಡುತ್ತಿದ್ದ.

"ನೋಡಲ್ವಾ ಯೂಸುಫಣ್ಣ?"

"ಕಣ್ಣು ಮೋಸ ಮಾಡ್ತದೆ. ನೀ ಹೊಡಿ, ನಾ ಕೇಳ್ತೀನಿ."

ದೊರೆ ಹೊಡೆಯುತ್ತಿದ್ದ. ಯೂಸುಫ್ ತಿರುಗದೆಯೇ ಹೇಳುತ್ತಿದ್ದ: "ಹುಲ್ಲು ಮೊದ್ಲು ತಾಗ್ತು, ಅರ್ಧ ದಾರೀಲಿ ನಿಂತದೆ." "ಇದು ಚೆಂಡಿನ ತಲೆಗೆ ಬಿತ್ತು, ಆ ಕಡೆ ಚರಂಡೀಲಿ ಹುಡುಕು." ಒಂದೊಂದು ಸಲ ಏನೂ ಹೇಳದೆ ತಲೆಯಾಡಿಸುತ್ತಿದ್ದ. ಆಗ ಹೋಗಿ ನೋಡಿದರೆ ಚೆಂಡು ಗುಳಿಯ ಪಕ್ಕದಲ್ಲೇ ಕೂತಿರುತ್ತಿತ್ತು. ಎರಡು ವರ್ಷದಲ್ಲಿ ದೊರೆಯೂ ಹಾಗೆ ಕೇಳುವುದನ್ನು ಕಲಿತ. ನನ್ನ ಬದುಕಿನ ಒಳ್ಳೆಯ ದಿನಗಳೆಂದರೆ ಅವೇ. ಅವನ ಅಂಗೈ ಹಗುರವಾಗಿತ್ತು, ಹಕ್ಕಿಮರಿಯನ್ನು ಹಿಡಿದ ಹಾಗೆ ಹಿಡಿಯುತ್ತಿದ್ದ.

ಯೂಸುಫ್ ಇನ್ನೊಂದನ್ನೂ ಕಲಿಸಿದ್ದ. ಪ್ರತಿ ಗುಳಿ ಮುಗಿದ ಮೇಲೆ ಜೊತೆಯವನು ಚೀಟಿ ಹಿಡಿದು "ಎಷ್ಟು?" ಎಂದು ಕೇಳುತ್ತಾನೆ. ಆಡಿದವನು ಎಷ್ಟು ಏಟು ಎಂದು ಹೇಳುತ್ತಾನೋ ಅಷ್ಟೇ ಬರೆಯಬೇಕು. ಕ್ಯಾಡಿಗಳ ಸೋಮವಾರದಲ್ಲಿ ಅಂಪೈರೂ ಇಲ್ಲ, ತಕರಾರೂ ಇಲ್ಲ. ಹೇಳಿದವನ ಬಾಯಿಮಾತೇ ಕೊನೆ.

ಆಮೇಲೆ ಕ್ಲಬ್ಬಿನವರು ಒಂದು ಪ್ರಕಟಣೆ ಹೊರಡಿಸಿದರು. ಕ್ಯಾಡಿಗಳಲ್ಲೇ ಒಬ್ಬನನ್ನು ಸಹಾಯಕ ಕೋಚ್ ಮಾಡುತ್ತೇವೆ, ಒಂದು ಸೋಮವಾರ ಹದಿನೆಂಟು ಗುಳಿ ಆಡಿ, ಕಡಿಮೆ ಏಟಿನಲ್ಲಿ ಮುಗಿಸಿದವನಿಗೆ ಕೆಲಸ. ಕೆಲಸ ಸಿಕ್ಕವನು ಮತ್ತೆ ಚೀಲ ಹೊರಬೇಕಾಗಿಲ್ಲ. ದೊರೆಯ ಹೆಂಡತಿ ಆಗ ಬಸುರಿ. ಯೂಸುಫನಿಗೆ ಡಾಕ್ಟರು, ಇನ್ನೆರಡು ವರ್ಷ ಭಾರ ಹೊತ್ತರೆ ಆ ಕಾಲನ್ನು ಮರೆತುಬಿಡು ಎಂದಿದ್ದರು. ಇಬ್ಬರಿಗೂ ಬೇಕಿತ್ತು. ಕೆಲಸ ಮಾತ್ರ ಒಂದೇ.

ಅಂದು ಇಬ್ಬರೂ ಒಂದೇ ಜೋಡಿಯಲ್ಲಿ ಬಿದ್ದರು. ದೊರೆಯ ಚೀಟಿ ಬರೆಯುವವನು ಯೂಸುಫ್, ಯೂಸುಫನದು ದೊರೆ. ಮಿಕ್ಕವರೆಲ್ಲ ಮಧ್ಯದಲ್ಲೇ ಹಿಂದೆ ಬಿದ್ದಿದ್ದರು. ಕೊನೆಯ ಗುಳಿಗೆ ಬರುವಾಗ ದೊರೆ ಒಂದೇ ಒಂದು ಏಟಿನಿಂದ ಮುಂದಿದ್ದ. ಆದರೆ ಅವನ ಎರಡನೆಯ ಏಟು ದಾರಿ ತಪ್ಪಿ, ಗುಳಿಯ ಸುತ್ತ ನುಣ್ಣಗೆ ಸವರಿದ ಗ್ರೀನಿನ ಅಂಚಿನಲ್ಲಿ, ಒದ್ದೆಯಾದ ಉದ್ದ ಹುಲ್ಲಿನಲ್ಲಿ ಚೆಂಡು ಮುಳುಗಿತು. ಯೂಸುಫ್ ಆಚೆ ಬದಿಯಲ್ಲಿ, ತನ್ನ ಚೆಂಡಿನ ದಾರಿ ನೋಡುತ್ತ ನಮಗೆ ಬೆನ್ನು ಮಾಡಿ ಬಗ್ಗಿದ್ದ.

ದೊರೆ ನನ್ನನ್ನು ಬೀಸಿದ. ಹುಲ್ಲು ನನ್ನ ಕೊರಳಿಗೆ ಸುತ್ತಿಕೊಂಡು ಎಳೆಯಿತು. ಚೆಂಡು ನನಗೆ ತಾಗಿ, ಮೇಲೆದ್ದು, ಗಾಳಿಯಲ್ಲಿ ತಡವರಿಸಿತು. ಹುಲ್ಲಿನಿಂದ ಬಿಡಿಸಿಕೊಂಡು ಮುಂದೆ ನುಗ್ಗಿದ ನನ್ನ ಮುಖ ಅದಕ್ಕೆ ಇನ್ನೊಮ್ಮೆ ತಾಗಿತು. ಟಪ್, ಆಮೇಲೆ ಒಂದು ಸಣ್ಣ ಟಿಕ್. ಚೆಂಡು ಉರುಳಿ ಹೋಗಿ ಗುಳಿಯಿಂದ ಮೊಳದ ದೂರದಲ್ಲಿ ನಿಂತಿತು.

ಆಗಿನ ನಿಯಮ ಎಲ್ಲ ಕ್ಯಾಡಿಗೂ ಗೊತ್ತಿತ್ತು. ಒಂದೇ ಬೀಸಿನಲ್ಲಿ ಚೆಂಡಿಗೆ ಎರಡು ಸಲ ತಾಗಿದರೆ, ಒಂದು ಏಟು ಹೆಚ್ಚಿಗೆ ಸೇರಿಸಬೇಕು. ದೊರೆಯ ಅಂಗೈ ಸರಕ್ಕನೆ ಬೆವರಿತು. ಅವನಿಗೆ ತಿಳಿಯಿತೆಂದು ನನಗೆ ತಿಳಿಯಿತು.

ಅವನು ಚೆಂಡನ್ನು ಗುಳಿಗೆ ತಳ್ಳಿ ಮುಗಿಸಿದ. ಯೂಸುಫನೂ ನಾಲ್ಕು ಏಟಿಗೆ ಮುಗಿಸಿದ. ಆಮೇಲೆ ಜೇಬಿನಿಂದ ಚೀಟಿ, ಪೆನ್ಸಿಲ್ ತೆಗೆದ.

"ಎಷ್ಟು ದೊರೆ?"

"ನಾಲ್ಕು."

ಪೆನ್ಸಿಲ್ ಅಲ್ಲಾಡಲಿಲ್ಲ. ಯೂಸುಫ್ ಚೀಟಿಯನ್ನೇ ನೋಡುತ್ತ ಮತ್ತೆ ಕೇಳಿದ. "ಎಷ್ಟಪ್ಪಾ?"

"ನಾಲ್ಕಣ್ಣ."

ಯೂಸುಫ್ ನಾಲ್ಕು ಎಂದು ಬರೆದು ಸಹಿ ಹಾಕಿದ. ಐದು ಅಂದಿದ್ದರೆ ಸರಿಸಮ ಆಗುತ್ತಿತ್ತು, ಇಬ್ಬರೂ ಇನ್ನೊಂದು ಗುಳಿ ಆಡಬೇಕಾಗುತ್ತಿತ್ತು. ಬಹುಶಃ ದೊರೆಯೇ ಗೆಲ್ಲುತ್ತಿದ್ದ.

ಕೋಚ್ ದೊರೆಸ್ವಾಮಿ ಬಿಳಿ ಟೋಪಿ ಹಾಕಿಕೊಂಡ. ಮೊದಲ ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೊಂದು ದಿನ ಶಿಷ್ಯರೆದುರು ನನ್ನನ್ನು ಹಿಡಿದು ಸಣ್ಣ ಏಟು ತೋರಿಸುವಾಗ, ಚೆಂಡಿಗೆ ತಾಗುವ ಕ್ಷಣಕ್ಕೆ ಅವನ ಮಣಿಕಟ್ಟು ಬೆಚ್ಚಿತು. ಚೆಂಡು ಎರಡು ಹೆಜ್ಜೆ ಹೋಗಿ ನಿಂತಿತು. ಮರುದಿನವೂ ಹಾಗೇ. ಉದ್ದ ಕೋಲುಗಳಲ್ಲಿ ಅವನಿಗೆ ಯಾವ ತೊಂದರೆಯೂ ಇರಲಿಲ್ಲ. ನಾನು ಕೈಗೆ ಬಂದರೆ ಮಾತ್ರ ನಡುಕ. ಆ ಎರಡನೆಯ ಸದ್ದು ಎಲ್ಲಿ ಬಂದುಬಿಡುತ್ತದೋ ಎಂದು ಅವನ ಕೈ ಕಾಯುತ್ತಿತ್ತು. ವೈದ್ಯರಿಗೆ ತೋರಿಸಿದ, ತಾಯಿತ ಕಟ್ಟಿಸಿದ, ನನ್ನ ಹಿಡಿಯ ರಬ್ಬರನ್ನೂ ಬದಲಾಯಿಸಿದ. ಬಾಯಿಬಿಟ್ಟು ಹೇಳುವುದೊಂದನ್ನು ಬಿಟ್ಟು ಎಲ್ಲ ಮಾಡಿದ. "ಕೋಚ್ ಸಾಹೇಬ್ರ ಕೈಗೆ ಚಳಿಜ್ವರ" ಎಂದು ಕ್ಯಾಡಿಗಳು ನಗುತ್ತಿದ್ದರು. ಮೂರನೆಯ ವರ್ಷ ಕ್ಲಬ್ಬಿನವರು ಅವನನ್ನು ಬಿಡಿಸಿದರು. ಅವನು ಮತ್ತೆ ಚೀಲ ಹೊರಲು ಹೋದ.

ಯೂಸುಫ್ ಅಷ್ಟು ದಿನವೂ ಚೀಲ ಹೊರುತ್ತಲೇ ಇದ್ದ. ಒಂದು ಮಳೆಗಾಲ ಏಳನೆಯ ಗುಳಿಯ ಇಳಿಜಾರಿನಲ್ಲಿ ಜಾರಿ, ಚೀಲದ ಸಮೇತ ಕೆಳಗೆ ಬಂದ. ಮಂಡಿ ಮತ್ತೆ ಕೂಡಲಿಲ್ಲ. ಅಂದಿನಿಂದ ಮನೆಯ ಮುಂದೆ ಬಕೆಟ್ ಇಟ್ಟುಕೊಂಡು, ಕ್ಲಬ್ಬಿನ ಕೆರೆಯಿಂದ ತೆಗೆದ ಹಳೆಯ ಚೆಂಡುಗಳನ್ನು ತೊಳೆದು ವಿಂಗಡಿಸುವುದೇ ಅವನ ಕೆಲಸವಾಯಿತು. ದೊರೆ ನನ್ನನ್ನು ಹಿಡಿದು ಎರಡು ಸಲ ಆ ಬೀದಿಯ ಮೂಲೆವರೆಗೆ ಹೋಗಿ, ಹಿಂದಿರುಗಿದ.

ಇಷ್ಟೆಲ್ಲ ಆಗಿ ಹತ್ತು ವರ್ಷದ ಮೇಲೆ ಆಟಕ್ಕೆ ಹೊಸ ನಿಯಮಗಳು ಬಂದವು. ಕ್ಲಬ್ಬಿನ ಗುಮಾಸ್ತರು ಕ್ಯಾಡಿಗಳಿಗೆಲ್ಲ ಓದಿ ಹೇಳಿದರು: ಒಂದೇ ಬೀಸಿನಲ್ಲಿ ಅಕಸ್ಮಾತ್ ಎರಡು ಸಲ ತಾಗಿದರೂ ಇನ್ನು ಮುಂದೆ ಅದು ಒಂದೇ ಏಟು, ದಂಡವಿಲ್ಲ. ದೊರೆ ಅಂದು ಸಂಜೆಯೇ ನನ್ನನ್ನು ತೆಗೆದುಕೊಂಡು ಓಡಿದ. ಈ ಸಲ ಮೂಲೆಯಲ್ಲಿ ನಿಲ್ಲಲಿಲ್ಲ.

"ಅಣ್ಣ, ಹೊಸ ರೂಲ್ ಬಂದೈತೆ. ಎರಡು ಸಲ ತಾಗಿದ್ರೂ ಒಂದೇ ಅಂತೆ. ತಪ್ಪಿಲ್ವಂತೆ."

ಯೂಸುಫ್ ಕೈಯಲ್ಲಿದ್ದ ಚೆಂಡನ್ನು ಉಜ್ಜುತ್ತಲೇ ಇದ್ದ. "ಹೌದಾ? ಒಳ್ಳೇದಾಯ್ತು ಬಿಡು."

"ಆವತ್ತು ಕೊನೇ ಗುಳೀಲಿ..."

"ಗೊತ್ತು ದೊರೆ. ಬೆನ್ನು ಮಾಡಿದ್ದೆ. ಕಿವಿ ಇತ್ತಲ್ಲ."

ದೊರೆ ಬಕೆಟ್ಟಿನ ಪಕ್ಕದಲ್ಲಿ ಕೂತ. "ಗೊತ್ತಿದ್ದೂ ಯಾಕಣ್ಣ ಬರ್ಕೊಂಡೆ?"

"ಕೇಳಿದ್ನಲ್ಲಪ್ಪ. ಎರಡು ಸಲ ಕೇಳ್ದೆ."

ಯೂಸುಫ್ ತೊಳೆದ ಚೆಂಡನ್ನು ಪಕ್ಕಕ್ಕಿಟ್ಟು ಬಕೆಟ್ಟಿನಿಂದ ಇನ್ನೊಂದನ್ನು ತೆಗೆದ. ಕೊನೆಗೆ ದೊರೆ, ಅಳುವ ದನಿಯಲ್ಲಿ, "ಈಗಿನ ರೂಲ್ ಪ್ರಕಾರ ನಾಲ್ಕೇ ಅಲ್ವಾ ಅಣ್ಣ?" ಎಂದ.

"ಈಗ ನಾಲ್ಕೇ," ಎಂದ ಯೂಸುಫ್. "ಆವತ್ತು ಐದು."

ದೊರೆ ನನ್ನನ್ನು ಅಲ್ಲೇ ಗೋಡೆಗೆ ಒರಗಿಸಿ ಎದ್ದುಹೋದ. ಮರೆತನೋ, ಬಿಟ್ಟನೋ, ನನಗೆ ಗೊತ್ತಿಲ್ಲ. ಮತ್ತೆ ಕೇಳಲು ಬರಲಿಲ್ಲ.

ಈಗ ನಾನು ಯೂಸುಫನ ಊರುಗೋಲು. ವೆಡ್ಜ್ ಗಿಡ್ಡ ಕೋಲಲ್ಲವೇ, ತಲೆಕೆಳಗಾಗಿ ಹಿಡಿದರೆ ಅವನ ಎತ್ತರಕ್ಕೆ ಅಳತೆ ಮಾಡಿಸಿದ ಹಾಗಿದೆ. ನನ್ನ ತಲೆ ಅವನ ಅಂಗೈಯಲ್ಲಿರುತ್ತದೆ. ಮುಖದ ಗೀರುಗಳು ಸವೆದು ನುಣ್ಣಗಾಗಿವೆ. ಚೆಂಡು ಹಿಡಿಯುವ ಶಕ್ತಿ ಹೋಗಿದೆ, ಹೋಗಲಿ. ಹಿಡಿಯ ರಬ್ಬರು ಕಿತ್ತುಹೋಗಿ ಬರಿ ಕೊಳವೆ ನೆಲಕ್ಕೆ ತಾಗುತ್ತದೆ. ದಿನಾ ಬೆಳಿಗ್ಗೆ ಅವನು ಚಹಾ ಕುಡಿಯಲು ಹೊರಟರೆ ಟಾರು ರಸ್ತೆಯ ಮೇಲೆ ನನ್ನ ಟಕ್ ಟಕ್ ಬೀದಿಗೆಲ್ಲ ಕೇಳುತ್ತದೆ.

ಅದೇ ಹೊತ್ತಿಗೆ ದೊರೆ ಆ ದಾರಿಯಲ್ಲೇ ಕ್ಲಬ್ಬಿಗೆ ಹೋಗಬೇಕು. ನಾವು ತಿರುವಿನ ಈಚೆ ಇರುವಾಗಲೇ, ನಮ್ಮನ್ನು ಕಾಣುವ ಮೊದಲೇ, ಅವನ ಹೆಜ್ಜೆ ನಿಂತು ಪಕ್ಕದ ಗಲ್ಲಿಗೆ ಹೊರಳುತ್ತದೆ. ಕಣ್ಣಿನಿಂದಲ್ಲ, ಕಿವಿಯಿಂದ ನನ್ನನ್ನು ಗುರುತು ಹಿಡಿಯುವುದನ್ನು ಅವನಿಗೆ ಕಲಿಸಿದವನು ಯೂಸುಫನೇ.