ಬೆರಳಿಗೆ ತಿಳಿದ ಅಕ್ಷರ

ಅಂಬುಬಾಯಿ ಚಿತ್ತಾಪುರದ ಹುಡುಗಿ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮರುವರ್ಷ ರಾವೂರಿನ ಸರಕಾರಿ ಶಾಲೆಯಲ್ಲಿ ಅವಳಿಗೆ ನೌಕರಿ ಸಿಕ್ಕಿತು. ಆಗ ಅವಳಿಗೆ ಇಪ್ಪತ್ಮೂರು ವರ್ಷ. ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತಿದ್ದಳು. ಶಿಕ್ಷಕರ ತರಬೇತಿಯಲ್ಲಿ ಮೊದಲ ದರ್ಜೆಯಲ್ಲಿ ಪಾಸಾದವಳು. ಯಾವ ಪಾಠಕ್ಕೆ ಎಷ್ಟು ನಿಮಿಷ, ಯಾವ ಪ್ರಶ್ನೆ ಎಲ್ಲಿ ಕೇಳಬೇಕು ಎಂಬುದನ್ನೆಲ್ಲ ಹಿಂದಿನ ದಿನವೇ ಬರೆದುಕೊಂಡು ಬರುವಳು. ಎರಡನೆಯ ತರಗತಿಯ ಮೂವತ್ತೆಂಟು ಮಕ್ಕಳೂ ತಾನು ಬರೆದುಕೊಂಡಂತೆಯೇ ಕಲಿಯುತ್ತಿದ್ದಾರೆ ಎಂದು ದೀಪಾವಳಿಯವರೆಗೂ ನಂಬಿದ್ದಳು.

ಅವರಲ್ಲಿ ಅವಳ ಮೆಚ್ಚಿನವಳು ಸಾಬಮ್ಮ. ಖಣಿಯಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಎಬ್ಬಿಸುವ ಸಾಯಬಣ್ಣನ ಮಗಳು. ವಯಸ್ಸು ಹತ್ತು. ಆಗಲೇ ಎರಡು ಸಲ ನಪಾಸಾಗಿ ಅದೇ ತರಗತಿಯಲ್ಲಿ ಕೂತಿದ್ದಳು. ಅದು ಹೇಗೆ ನಪಾಸಾದಳೋ ಅಂಬುಬಾಯಿಗೆ ತಿಳಿಯದು. ಪುಸ್ತಕ ಬಿಡಿಸಿಕೊಂಡು ಎದ್ದು ನಿಂತಳೆಂದರೆ ಒಂದು ಅಕ್ಷರ ಹಿಂದುಮುಂದಾಗದಂತೆ, ನಿಲ್ಲಬೇಕಾದಲ್ಲಿ ನಿಂತು, ಚೆಂದ ಓದುತ್ತಿದ್ದಳು.

ರಜೆ ಮುಗಿದ ವಾರ ಸಾಬಮ್ಮ ಬಾವಿಯ ಪಾಠ ಓದುತ್ತಿದ್ದಾಗ ಅಂಬುಬಾಯಿ ಮಕ್ಕಳ ಸಾಲಿನ ನಡುವೆ ನಡೆಯುತ್ತ ಅವಳ ಬೆನ್ನ ಹಿಂದೆ ಬಂದು ನಿಂತಳು. ಹುಡುಗಿಯ ಕೈಯಲ್ಲಿ ತೆರೆದಿದ್ದುದು ಎತ್ತಿನ ಬಂಡಿಯ ಚಿತ್ರವಿದ್ದ ಪುಟ. ಬಾವಿಯ ಪಾಠ ಅಲ್ಲಿಂದ ನಾಲ್ಕು ಹಾಳೆ ಮುಂದಿತ್ತು. ಬೆರಳು ಬಂಡಿಯ ಸಾಲುಗಳ ಮೇಲೆ ಒಂದೊಂದಾಗಿ ಇಳಿಯುತ್ತಿತ್ತು, ಬಾಯಿ ಬಾವಿಯ ಪಾಠ ಹೇಳುತ್ತಿತ್ತು.

ಅಂಬುಬಾಯಿ ಕರಿಹಲಗೆಯ ಮೇಲೆ 'ಪಟ' ಎಂದು ಬರೆದಳು. "ಇದೇನದ, ಓದು."

ಸಾಬಮ್ಮ ನೋಡಿದಳು. ಬಾಯಿ ಬಿಡಲಿಲ್ಲ. ಅಂಬುಬಾಯಿ 'ಮರ' ಎಂದು ಬರೆದಳು. ಅದಕ್ಕೂ ಇಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಇಷ್ಟು ದಿನ ನನಗ ಮೋಸ ಮಾಡ್ದಿ?" ಎಂದು ಅಂಬುಬಾಯಿ ಅಂಗೈ ಮೇಲೆ ಕಟ್ಟಿಗೆಯ ಅಳತೆಪಟ್ಟಿಯಿಂದ ಎರಡು ಏಟು ಕೊಟ್ಟಳು. ಹುಡುಗಿ ಅಳಲಿಲ್ಲ. ಪಾಟಿ ಬಳಪ ಚೀಲಕ್ಕೆ ಹಾಕಿಕೊಂಡು ಗೋಡೆಗೆ ಮುಖ ಮಾಡಿ ಕೂತಳು. ಮರುದಿನ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಬಸ್ಸಿನಲ್ಲಿ ಕೂತಾಗ ಅಂಬುಬಾಯಿಗೆ ಅದೇ ಯೋಚನೆ. ಮೊದಲು ಬಂದದ್ದು ಸಿಟ್ಟು, ಆಮೇಲೆ ಬಂದದ್ದು ಬೆರಗು. ನೂರು ಪುಟದ ಪುಸ್ತಕವನ್ನು ಬರೀ ಕಿವಿಯಿಂದ ಕೇಳಿ ನೆನಪಿಟ್ಟುಕೊಂಡವಳು ದಡ್ಡಿಯಾಗುವುದು ಹೇಗೆ? ಹೀಗೆ ಕಲಿತವಳಿಗೆ ಏಟು ಯಾಕೆ ಕೊಟ್ಟೆ? ನಾಲ್ಕನೆಯ ದಿನ ಶಾಲೆ ಬಿಟ್ಟ ಮೇಲೆ ಬಸ್ಸಿನ ದಾರಿ ಬಿಟ್ಟು ಖಣಿಯ ದಾರಿ ಹಿಡಿದಳು.

ಖಣಿಯ ಅಂಚಿನಲ್ಲಿ ಕಲ್ಲಿನ ಚೂರುಗಳ ದಿಬ್ಬ. ಕೆಳಗೆ ಸಾಯಬಣ್ಣ ಹಾರೆ ಹಾಕಿ ಹಾಸುಗಲ್ಲು ಮೇಲೆತ್ತುತ್ತಿದ್ದ. ಬುಟ್ಟಿ ಹೊತ್ತು ನಿಂತಿದ್ದ ಅವನ ಹೆಂಡತಿ ಭೀಮಮ್ಮ ಶಿಕ್ಷಕಿಯನ್ನು ಕಂಡು ಸೆರಗು ಸರಿಮಾಡಿಕೊಂಡಳು.

"ಬರ್ರಿ ಅಕ್ಕೋರ, ನೆಳ್ಳಿಗೆ ಕುಂದ್ರಿ."

"ಸಾಬಮ್ಮ ಯಾಕ ಸಾಲಿಗೆ ಬರವಲ್ಲಳು?"

ಸಾಯಬಣ್ಣ ಮೇಲೆ ಹತ್ತಿ ಬಂದು ಮುಖ ಒರೆಸಿಕೊಂಡ. "ಆಕೀಗೆ ಓದು ಹತ್ತಂಗಿಲ್ರಿ. ಹಿಂದಿನ ಮಾಸ್ತರೂ ಅದೇ ಹೇಳಿದ್ರು. ಸುಮ್ನ ನಿಮಗೂ ತ್ರಾಸು. ಇಲ್ಲಿ ಆಕಿ ಶ್ಯಾಣ್ಯಾ ಇದ್ದಾಳ. ಕಲ್ಲು ಬಡದು ಆವಾಜ್ ಕೇಳಿ, ಇದು ಸಾಫ್ ಸೀಳ್ತದ, ಇದು ಒಡಿತದ ಅಂತ ಹೇಳ್ತಾಳ. ನನಗಿನ್ನಾ ಅಷ್ಟು ಬರಲ್ರಿ."

"ನಾ ಆಕೀಗೆ ಹೊಡದೆ," ಎಂದಳು ಅಂಬುಬಾಯಿ. "ಹೊಡೀಬಾರದಿತ್ತು. ಅದನ್ನ ಹೇಳಾಕ ಬಂದೀನಿ."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಇಂಥ ಮಾತನ್ನು ಶಾಲೆಯವರ ಬಾಯಿಂದ ಅವರು ಕೇಳಿರಲಿಲ್ಲ. ಭೀಮಮ್ಮ ದಿಬ್ಬದ ಆಚೆ ಕೈ ತೋರಿಸಿದಳು. "ಬಂದೇಅಲಿ ಚಾಚಾನ ಹತ್ರ ಕುಂತಾಳ ನೋಡ್ರಿ."

ಬಂದೇಅಲಿ ಅಕ್ಷರ ಕಡೆಯುವ ಮುದುಕ. ಗೋರಿಗೆ, ಮನೆಯ ಬಾಗಿಲ ತಲೆಗೆ, ಗುಡಿಯ ಗೋಡೆಗೆ ಹೆಸರಿನ ಕಲ್ಲು ಮಾಡಿಕೊಡುತ್ತಿದ್ದ. ಚಪ್ಪರದ ಕೆಳಗೆ ಅವನು ಉಳಿ ಮಸೆಯುತ್ತಿದ್ದ. ಪಕ್ಕದಲ್ಲಿ ಸಾಬಮ್ಮ ಈಗಷ್ಟೇ ಕಡೆದು ಮುಗಿಸಿದ ಒಂದು ಕಲ್ಲಿನ ಅಕ್ಷರಗಳೊಳಗಿನ ಧೂಳನ್ನು ಬೆರಳಿನಿಂದ ತೆಗೆಯುತ್ತಿದ್ದಳು. ಕಣ್ಣು ಎಲ್ಲೋ ರಸ್ತೆಯ ಕಡೆಗಿತ್ತು. ಬೆರಳು ಮಾತ್ರ ಅಕ್ಷರದ ಗೆರೆ ಹಿಡಿದು, ಬರೆಯುವ ದಿಕ್ಕಿನಲ್ಲೇ ಸಾಗುತ್ತಿತ್ತು. ಕಲ್ಲಿನ ಮೇಲಿದ್ದ ಹೆಸರು 'ಮಹಾದೇವಮ್ಮ'.

ಶಿಕ್ಷಕಿಯನ್ನು ಕಂಡು ಹುಡುಗಿ ಕೈ ಹಿಂದಕ್ಕೆಳೆದುಕೊಂಡಳು. ಅಂಬುಬಾಯಿ ಅವಳ ಎದುರಿಗೆ ನೆಲದ ಮೇಲೆ ಕೂತಳು.

"ಮೊದಲ್ನೇದು ಯಾವ ಅಕ್ಷರ?"

"ಮ," ಎಂದಳು ಸಾಬಮ್ಮ, ನೆಲ ನೋಡುತ್ತ. "ಅದೇ ಕಡೀಗೂ ಬಂದದ. ಅಲ್ಲಿ ಒಂದರ ಕೆಳಗ ಇನ್ನೊಂದು ಸಣ್ಣಂದು ಜೋತು ಬಿದ್ದದ."

"ನಿನಗ ಯಾರ್ ಹೇಳಿದ್ರು?"

"ಕಲ್ಲು ಮಾಡಸ್ದವ್ರು ಹೆಸರು ಹೇಳಿ ಹೋಗಿದ್ರು. ಬೆರಳು ಹಾಕಿ ನೋಡ್ದೆ. ಎಲ್ಲಿ ಮ ಅಂತೀವಿ, ಅಲ್ಲಿ ಅದೇ ಸಿಕ್ತು."

ಅಂಬುಬಾಯಿ ಚೀಲದಿಂದ ಕಾಗದ ತೆಗೆದು ದೊಡ್ಡದಾಗಿ 'ಮ' ಬರೆದು ತೋರಿಸಿದಳು. ಸಾಬಮ್ಮ ಬಹಳ ಹೊತ್ತು ನೋಡಿ ತಲೆ ಅಲ್ಲಾಡಿಸಿದಳು.

"ಕಾಗದದ ಮ್ಯಾಲ ಅವು ಅವಳಿ ಜವಳಿ ಇದ್ದಂಗ್ರಿ. ಪ ಅಂತ ಕರದ್ರ ಷ 'ಓ' ಅಂತದ. ಮ ಅಂದ್ರ ವ ಬರ್ತದ. ಕಲ್ಲಿನ್ಯಾಗ ಹಂಗಾಗಲ್ಲ."

ಬಂದೇಅಲಿ ಉಳಿ ಕೆಳಗಿಟ್ಟ. "ಅಕ್ಕೋರ, ನನಗೂ ಕನ್ನಡ ಓದಾಕ ಬರಲ್ರಿ. ಕಾಗದದ ಮ್ಯಾಲ ಬರದು ಕೊಡ್ತಾರ, ನೋಡ್ಕೊಂಡು ಕಡಿತೀನಿ. ಆದ್ರ ಒಂದು ಸಲ ಕಡದ ಅಕ್ಷರ ಕೈ ಮರಿಯಂಗಿಲ್ಲ. ನನ್ನ ಕಣ್ಣು ಕಟ್ಟಿ ಕೈಯಾಗ ಕಲ್ಲು ಕೊಡ್ರಿ, ಇದು ಯಾರ ಹೆಸರಿನ್ಯಾಗ ಬಂದಿತ್ತು ಹೇಳ್ತೀನಿ."

ತರಬೇತಿಯ ಯಾವ ಪುಸ್ತಕದಲ್ಲೂ ಈ ಮಾತು ಇರಲಿಲ್ಲ. ಕತ್ತಲಾಗುವ ಮುಂಚಿನ ಕೊನೆಯ ಬಸ್ಸು ಹಿಡಿಯಲು ಏಳುವಾಗ ಅಂಬುಬಾಯಿ ಕೇಳಿದಳು. "ಚಾಚಾ, ಬ್ಯಾಡಾದ ಚೂರುಗಲ್ಲಿನ ಮ್ಯಾಲ ಒಂದೊಂದೇ ಅಕ್ಷರ ಕಡದು ಕೊಡ್ತೀರಿ?"

"ಕೂಸಿನ ಸಲುವಾಗಿ ಅಲ್ಲೇನ್ರಿ. ಕೊಡ್ತೀನಿ."

ಮುಂದಿನ ಸೋಮವಾರ ಭೀಮಮ್ಮ ಬುಟ್ಟಿಯಲ್ಲಿ ಐದು ಕಲ್ಲು ಹೊತ್ತು ತಂದು ಶಾಲೆಯ ಕಟ್ಟೆಯ ಮೇಲಿಟ್ಟು ಹೋದಳು. ಪ್ರತಿಯೊಂದೂ ಅಂಗೈಯಗಲ, ನುಣ್ಣಗೆ ಉಜ್ಜಿದ್ದು, ಬೆರಳ ತುದಿ ಕೂರುವಷ್ಟು ಆಳ ಕಡೆದದ್ದು. ಅವಳ ಹಿಂದೆ ಸಾಬಮ್ಮ ಬಂದಳು.

ಒಬ್ಬಳಿಗೇ ಕಲ್ಲು ಕೊಟ್ಟರೆ ಉಳಿದವರು ಆಡಿಕೊಳ್ಳುತ್ತಾರೆಂದು ಅಂಬುಬಾಯಿ ಎಲ್ಲರಿಗೂ ಕಣ್ಣು ಮುಚ್ಚಿಸಿ ಕಲ್ಲು ಮುಟ್ಟಿಸಿದಳು. ಮೊದಲ ದಿನ ಮಕ್ಕಳಿಗೆ ಆಟವಾಯಿತು. ವಾರ ಕಳೆಯುವಷ್ಟರಲ್ಲಿ ಓದು ಬರುವ ಮಕ್ಕಳು ಆಕಳಿಸತೊಡಗಿದರು, ಕಲ್ಲು ಕಾಲ ಮೇಲೆ ಬಿದ್ದು ಒಬ್ಬನ ಹೆಬ್ಬೆರಳು ಬಾತಿತು. ಹುಡುಗನ ಅಪ್ಪ ಬಂದು ಹೆಡ್‌ಮಾಸ್ತರರ ಮುಂದೆ ಕೂಗಾಡಿ ಹೋದ.

ಹೆಡ್‌ಮಾಸ್ತರ ಖಂಡಪ್ಪ ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮನುಷ್ಯ. ಸದಾ ಕರಿ ಟೋಪಿ, ಕೊರಳವರೆಗೆ ಗುಂಡಿ ಹಾಕಿದ ಕೋಟು. ಅವರು ಕಲ್ಲಿನ ಬುಟ್ಟಿಯನ್ನು ಕೋಲಿನಿಂದ ತಟ್ಟಿದರು.

"ಇದು ಸಾಲಿ ಅದೋ, ಖಣಿ ಅದೋ?"

"ಒಬ್ಬ ಹುಡುಗಿ ಇದರಿಂದ ಕಲಿಲಿಕತ್ತಾಳ ಸರ್."

"ಒಬ್ಬಾಕಿ ಸಲುವಾಗಿ ಮೂವತ್ತೇಳು ಮಂದಿಗೆ ಕಲ್ಲು ಯಾಕ್ರಿ?"

ಅಂಬುಬಾಯಿ ಬುಟ್ಟಿ ಎತ್ತಿ ಗೋಡೆಯ ಬದಿಗಿಟ್ಟಳು. ಆ ಮಾತಿನಲ್ಲಿ ಹುರುಳಿದೆ ಎಂಬುದು ಮನೆಗೆ ಹೋದ ಮೇಲೆ ಹೊಳೆಯಿತು. ಎಲ್ಲರಿಗೂ ಒಂದೇ ಪುಸ್ತಕ ಎಂಬ ತಪ್ಪನ್ನು ಬಿಟ್ಟು ಎಲ್ಲರಿಗೂ ಒಂದೇ ಕಲ್ಲು ಎಂಬ ತಪ್ಪಿಗೆ ಬಿದ್ದಿದ್ದಳು. ಆ ವಾರ ಅವಳು ಪಾಠದ ಟಿಪ್ಪಣಿ ಬರೆಯಲಿಲ್ಲ. ಹಾಜರಿಪಟ್ಟಿಯಲ್ಲಿನ ಮೂವತ್ತೆಂಟು ಹೆಸರನ್ನು ಒಂದು ವಹಿಯಲ್ಲಿ ಇಳಿಸಿಕೊಂಡು, ಒಬ್ಬೊಬ್ಬರ ಮುಂದೆ ಇವರು ಹೇಗೆ ಕಲಿಯುತ್ತಾರೆ ಎಂದು ಬರೆಯಲು ಕೂತಳು. ಹನ್ನೊಂದು ಹೆಸರಿನ ಮುಂದೆ ಬರೆಯಲು ಏನೂ ತೋಚಲಿಲ್ಲ. ಅವರನ್ನು ತಾನು ಇಷ್ಟು ದಿನ ನೋಡೇ ಇಲ್ಲವೆಂದು ಅವಳಿಗೆ ನಾಚಿಕೆಯಾಯಿತು.

ಹಾಗೆ ನೋಡತೊಡಗಿದ ಮೇಲೆ ಕಣ್ಣಿಗೆ ಬಿದ್ದವಳು ಇಮಾಮ್ಬೀ. ಮನೆಮಾತು ಉರ್ದು. ಕನ್ನಡದ ಅಕ್ಷರಗಳನ್ನು ಯಾರಿಗಿಂತಲೂ ಬೇಗ ಹಿಡಿದು ಪಟಪಟ ಓದುವಳು, ಆದರೆ ಓದಿದ್ದರಲ್ಲಿ ಅರ್ಧದ ಅರ್ಥ ಅವಳಿಗೆ ಗೊತ್ತಿರಲಿಲ್ಲ. ಅಂಬುಬಾಯಿ ಅವಳನ್ನು ತಂದು ಸಾಬಮ್ಮನ ಪಕ್ಕದಲ್ಲಿ ಕೂರಿಸಿದಳು. ಇಮಾಮ್ಬೀ ಓದುವಳು, ಸಾಬಮ್ಮ ಕೇಳಿ, "ಕಣಜ ಅಂದ್ರ ಜ್ವಾಳ ತುಂಬಿಡ್ತಾರಲ್ಲ, ಅದು" ಎಂದು ಹೇಳುವಳು. ಅಷ್ಟರಲ್ಲಿ ಬಂದೇಅಲಿ ಉಳಿದ ಅಕ್ಷರಗಳನ್ನೂ ಕಡೆದು ಕಳಿಸಿದ್ದ. ಆಮೇಲೆ ಅದೇ ಶಬ್ದವನ್ನು ಇಮಾಮ್ಬೀ ಬುಟ್ಟಿಯಿಂದ ಕಲ್ಲು ಆರಿಸಿ ಜೋಡಿಸಿಕೊಡುವಳು, ಸಾಬಮ್ಮ ಬೆರಳಾಡಿಸಿ ಓದುವಳು. ಇಬ್ಬರಲ್ಲಿ ಯಾರು ಯಾರಿಗೆ ಕಲಿಸುತ್ತಿದ್ದಾರೆಂದು ಹೇಳುವುದು ಕಷ್ಟವಾಗಿತ್ತು.

ಎಲ್ಲವೂ ಸಲೀಸಾಗಲಿಲ್ಲ. ಸಾಬಮ್ಮ ಕಲ್ಲಿನಿಂದ ಮರಳಿನ ಮೇಲಿನ ಬರಹಕ್ಕೆ, ಮರಳಿನಿಂದ ಪಾಟಿಗೆ ಬರುವಷ್ಟರಲ್ಲಿ ಸಂಕ್ರಾಂತಿ ಕಳೆಯಿತು. ಪಾಟಿಯಿಂದ ಪುಸ್ತಕಕ್ಕೆ ಬಂದಾಗ ಅವಳಿ ಜವಳಿಗಳು ಮತ್ತೆ ಕಾಟ ಕೊಟ್ಟವು. ಒಂದು ದಿನ ಸಾಬಮ್ಮ ಪುಸ್ತಕ ಮುಚ್ಚಿ, "ನನ್ನ ಕೈಲೆ ಆಗಂಗಿಲ್ರಿ" ಎಂದು ಎದ್ದು ಹೋದಳು. ಅಂಬುಬಾಯಿ ಕರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೇ ಬಂದು ಕೂತು, ಅನುಮಾನ ಬಂದ ಅಕ್ಷರವನ್ನು ತೊಡೆಯ ಮೇಲೆ ಬೆರಳಿನಿಂದ ಬರೆದು ನೋಡಿ, ಆಮೇಲೆ ಬಾಯಿ ಬಿಟ್ಟು ಹೇಳತೊಡಗಿದಳು. ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಒಂದು ಸಾಲಿಗೆ ಉಳಿದವರ ಮೂರರಷ್ಟು ಹೊತ್ತು ಹಿಡಿಯುತ್ತಿತ್ತು. ಆದರೆ ಓದುತ್ತಿದ್ದಳು, ನಿಜವಾಗಿ ಓದುತ್ತಿದ್ದಳು.

ಮಾರ್ಚಿ ತಿಂಗಳಲ್ಲಿ ವಾರ್ಷಿಕ ಪರೀಕ್ಷೆ. ಅಂಬುಬಾಯಿ ಹೆಡ್‌ಮಾಸ್ತರರ ಕೋಣೆಗೆ ಹೋದಳು.

"ಸಾಬಮ್ಮಗ ಪ್ರಶ್ನೆ ಓದಿ ಹೇಳಾಕ ಪರವಾನಗಿ ಕೊಡ್ರಿ ಸರ್. ಇಲ್ಲಾಂದ್ರ ಅರ್ಧ ತಾಸು ಹೆಚ್ಚಿಗಿ ಕೊಡ್ರಿ."

"ಖಾಯ್ದೆದಾಗ ಇಲ್ಲ," ಎಂದರು ಖಂಡಪ್ಪ, ತಲೆಯೆತ್ತದೆ. "ಆಕಿಗಿ ಕೊಟ್ರ ನಾಳೆ ಎಲ್ಲಾರೂ ಬರ್ತಾರ. ಒಂದೇ ಪೇಪರು, ಒಂದೇ ಗಂಟಿ."

"ಈ ಸಲ ನಪಾಸಾದ್ರ ಆಕಿ ಅಪ್ಪ ಸಾಲಿ ಬಿಡಸ್ತಾನ."

"ಅದೂ ನನಗ ಗೊತ್ತದ."

ಪರೀಕ್ಷೆಯ ದಿನ ಮಕ್ಕಳು ಜಗುಲಿಯ ಮೇಲೆ ದೂರ ದೂರ ಕೂತು ಬರೆದರು. ಸಾಬಮ್ಮ ಪ್ರಶ್ನೆಪತ್ರಿಕೆಯ ಮೇಲೆ ಬಗ್ಗಿ, ತೊಡೆಯ ಮೇಲೆ ಬೆರಳಾಡಿಸುತ್ತ ಒಂದೊಂದೇ ಅಕ್ಷರ ಹಿಡಿಯುತ್ತಿದ್ದಳು. ಮುಗಿಸುವ ಹೊತ್ತು ಹತ್ತಿರ ಬಂದಾಗ ಅವಳು ಬರೆದಿದ್ದುದು ಎರಡೇ ಉತ್ತರ. ಅಂಬುಬಾಯಿ ಕಂಬಕ್ಕೆ ಒರಗಿ ನಿಂತು ಗೋಡೆಯ ಗಡಿಯಾರ ನೋಡುತ್ತಿದ್ದಳು. ಮುಳ್ಳು ಹನ್ನೆರಡು ದಾಟಿತು. ಪರೀಕ್ಷೆ ಮುಗಿಯುವ ಗಂಟೆ ಹೊಡೆಯಲಿಲ್ಲ.

ಹನ್ನೆರಡೂ ಕಾಲಾಯಿತು. ಬರೆದು ಮುಗಿಸಿದ ಮಕ್ಕಳು ಎದ್ದು ಹೋದರು. ಜವಾನ ಹಾಜಿಮಲಂಗ್ ಗಂಟೆಯ ಕೆಳಗೆ ಬರಿಗೈಲಿ ನಿಂತು ತಲೆ ಕೆರೆದುಕೊಳ್ಳುತ್ತಿದ್ದ. "ಅಕ್ಕೋರ, ಗಂಟಿ ಹೊಡಿಯೋ ಕಬ್ಬಿಣ ಹೆಡ್‌ಮಾಸ್ತರ್ರು ಒಯ್ದಾರ್ರಿ. ಕೇಳಿದ್ರ ಮಾತಾಡವಲ್ರು," ಎಂದ.

ಅಂಬುಬಾಯಿ ಕೋಣೆಯೊಳಗೆ ಇಣುಕಿದಳು. ಖಂಡಪ್ಪ ಕುರ್ಚಿಯಲ್ಲಿ ಕೂತಿದ್ದರು. ಕಬ್ಬಿಣದ ತುಂಡು ಮೇಜಿನ ಮೇಲೆ ಅವರ ಕೈಯ ಕೆಳಗಿತ್ತು.

"ಗಂಟಿ ಆಗೋತನ ಬರೀಬೇಕು ಅಂತ ಖಾಯ್ದೆ," ಎಂದರು ಅವರು ಕಿಟಕಿಯ ಹೊರಗೆ ನೋಡುತ್ತ. "ಗಂಟಿ ಇನ್ನಾ ಆಗಿಲ್ಲ."

ಆಮೇಲೆ ತಮ್ಮಷ್ಟಕ್ಕೇ ಎಂಬಂತೆ ಹೇಳಿದರು. "ನಾ ನಿಜಾಮರ ಕಾಲದಾಗ ಉರ್ದು ಸಾಲಿ ಕಲಿತಾವ. ರಾಜ್ಯ ಒಂದಾದ ಮ್ಯಾಲ ಕನ್ನಡ ಪರೀಕ್ಷಾಕ್ಕ ಕುಂದರು ಅಂದ್ರು. ಮೂವತ್ತೈದು ವರ್ಷದಾವ ಇದ್ದೆ. ಬಲದಿಂದ ಎಡಕ್ಕ ಹೋಗೋ ಕೈ ಎಡದಿಂದ ಬಲಕ್ಕ ತಿರುಗಬೇಕಾದ್ರ ಹೊತ್ತು ಹಿಡಿತದ ಅಂಬುಬಾಯಿ. ಉತ್ತರ ಎಲ್ಲಾ ತಲಿಯಾಗ ಇದ್ವು. ಗಂಟಿ ಹೊಡದ್ರು, ಪೇಪರ್ ಕಸ್ಕೊಂಡ್ರು. ಪಾಸಾಗಾಕ ಇನ್ನೊಂದು ವರ್ಷ ಬೇಕಾಯ್ತು."

ಹನ್ನೆರಡೂ ಮುಕ್ಕಾಲಿಗೆ ಸಾಬಮ್ಮ ಎದ್ದು ಬಂದು ಹಾಳೆ ಕೊಟ್ಟಳು. ಆಗ ಖಂಡಪ್ಪ ತಾವೇ ಹೊರಗೆ ಬಂದು ಗಂಟೆ ಹೊಡೆದರು.

ಐದರಲ್ಲಿ ನಾಲ್ಕು ಉತ್ತರ ಬರೆದಿದ್ದಳು. ಎರಡು ಕಡೆ ಪ ಇದ್ದಲ್ಲಿ ಷ ಇತ್ತು. ನೂರಕ್ಕೆ ನಲವತ್ತೊಂದು ಅಂಕ. ಫಲಿತಾಂಶದ ದಿನ ಸಾಯಬಣ್ಣ ಖಣಿಯಿಂದ ಹಾಗೆಯೇ ಬಂದಿದ್ದ, ರೆಪ್ಪೆಯ ಮೇಲೂ ಕಲ್ಲಿನ ಬಿಳಿ ಧೂಳು. ಗೋಡೆಗೆ ಹಚ್ಚಿದ ಪಾಸಾದವರ ಪಟ್ಟಿಯ ಮುಂದೆ ನಿಂತು, "ನನಗ ಓದಾಕ ಬರಲ್ಲವ್ವ, ನೀನೇ ನೋಡು" ಎಂದ. ಸಾಬಮ್ಮ ಪಟ್ಟಿಯ ಮೇಲೆ ಬೆರಳಿಟ್ಟು ಮೇಲಿಂದ ಒಂದೊಂದೇ ಹೆಸರು ಓದುತ್ತ ಇಳಿದಳು. ಅಪ್ಪನಿಗೆ ಅವಸರವಿರಲಿಲ್ಲ. ಅವಳ ಹೆಸರು ಇಪ್ಪತ್ತೊಂಬತ್ತನೆಯದು. ಅದನ್ನು ಎರಡು ಸಲ ಓದಿದಳು.

ಮಳೆಗಾಲದ ಮೊದಲ ವಾರ ಶಾಲೆ ತೆರೆದಾಗ ನಾಲವಾರದಿಂದ ಒಬ್ಬ ಹೆಂಗಸು ರೈಲಿನಲ್ಲಿ ವಾಡಿಗೆ ಬಂದು, ಅಲ್ಲಿಂದ ನಡೆದುಕೊಂಡು ರಾವೂರಿನ ಶಾಲೆ ಹುಡುಕಿಕೊಂಡು ಬಂದಳು. ಸೆರಗು ಹಿಡಿದುಕೊಂಡು ಆರೇಳು ವರ್ಷದ ಮಗಳು ನಿಂತಿದ್ದಳು.

"ತವರಮನಿ ಇಲ್ಲೇ ಅದ್ರಿ, ಅಣ್ಣನ ಮನ್ಯಾಗ ಬಿಡ್ತೀನಿ," ಎಂದಳು ಆಕೆ. "ಈಕಿ ಯಾರ ಜೋಡಿನೂ ಮಾತಾಡಂಗಿಲ್ಲ. ಕಿವಿ ಕೇಳ್ತದ, ಮನ್ಯಾಗ ನನ್ನ ಜೋಡಿ ಅಷ್ಟೇ ಮಾತಾಡ್ತಾಳ. ಅಲ್ಲಿ ಸಾಲ್ಯಾಗ ತಗೋಳಲಿಲ್ರಿ. ಇಲ್ಲಿ ಒಬ್ರು ಅಕ್ಕೋರು ಕಲ್ಲಿನಿಂದ ಓದಸ್ತಾರ ಅಂತ ಕೇಳಿ ಬಂದೆ."

"ಈಕೀಗೆ ಕಲ್ಲು ನಡೀತದೋ ಇಲ್ಲೋ ನನಗ ಗೊತ್ತಿಲ್ಲ," ಎಂದಳು ಅಂಬುಬಾಯಿ. "ಏನು ನಡೀತದ ಅಂತನೂ ಇನ್ನಾ ಗೊತ್ತಿಲ್ಲ. ಬಿಟ್ಟು ಹೋಗ್ರಿ, ನೋಡೋಣ."

ಅವಳು ಮಗುವನ್ನು ಮಾತಾಡಿಸಲಿಲ್ಲ. ಕಿಟಕಿಯ ಹತ್ತಿರ ಚಾಪೆ ಹಾಸಿ ಕೂರಿಸಿ, ತಾನೂ ಪಕ್ಕದಲ್ಲಿ ಕೂತು, ಆ ಮಗು ಯಾವುದನ್ನು ನೋಡುತ್ತದೆ ಎಂದು ನೋಡತೊಡಗಿದಳು.